1909ಕ್ಕೆ ಒಂದು ದೂರು

ಕೇಳುಗರೆಲ್ಲರಿಗೂ ನಮಸ್ಕಾರ.

ಫೋನು ಪಕ್ಕದಲ್ಲೇ ಇದ್ದರೆ ಒಂದು ಕೆಲಸ ಮಾಡಿ. ಇತ್ತೀಚೆಗೆ ಬಂದ ಯಾವುದಾದರೂ ಜಾಹೀರಾತಿನ ಎಸ್ಸೆಮ್ಮೆಸ್ ತೆಗೆಯಿರಿ. ಒಳಗೆ ಏನು ಬರೆದಿದೆ ಅನ್ನೋದು ಈಗ ಬೇಡ. ಸಾಲ ಕೊಡ್ತೀವಿ, ಸೀರೆಗೆ ರಿಯಾಯಿತಿ, ಸೈಟಿನ ಬುಕಿಂಗ್ ಶುರು, ಏನೋ ಒಂದು ಇರುತ್ತದೆ. ಮೇಲ್ಗಡೆ ಕಳಿಸಿದವರ ಹೆಸರಿನ ಜಾಗ ನೋಡಿ. ಅಲ್ಲಿ ಮಾಮೂಲಿ ಫೋನ್ ನಂಬರು ಇರುವುದಿಲ್ಲ. ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಆರು ಅಕ್ಷರ ಅಥವಾ ಅಂಕಿ, ಮತ್ತೊಂದು ಅಡ್ಡಗೆರೆ, ಕೊನೆಯಲ್ಲಿ ಒಂಟಿ ಅಕ್ಷರ.

ಇದರಲ್ಲಿ ಮೊದಲನೇ ಅಕ್ಷರ ಮೆಸೇಜು ಯಾವ ಮೊಬೈಲ್ ಕಂಪನಿಯಿಂದ ಹೊರಟಿತು ಅಂತ ಹೇಳುತ್ತದೆ. ಎ ಅಂದರೆ ಏರ್‌ಟೆಲ್, ಜೆ ಅಂದರೆ ಜಿಯೋ, ಬಿ ಅಂದರೆ ಬಿಎಸ್‌ಎನ್‌ಎಲ್. ಎರಡನೇದು ಯಾವ ವಲಯದಿಂದ ಹೊರಟಿತು ಅಂತ ಹೇಳುತ್ತದೆ. ಡಿ ಅಂದರೆ ದೆಹಲಿ, ಎಂ ಅಂದರೆ ಮುಂಬೈ. ನಮ್ಮ ಕರ್ನಾಟಕಕ್ಕೆ ಸಿಕ್ಕಿರೋದು ಎಕ್ಸ್! ಕೆ ಅಕ್ಷರ ಕೋಲ್ಕತ್ತದ ಪಾಲಾಗಿದೆ. ನಡುವಿನ ಆರು ಅಕ್ಷರ ಕಳಿಸಿದ ಸಂಸ್ಥೆಯದು. ಕೊನೆಯ ಒಂಟಿ ಅಕ್ಷರ ಹೊಸದು. 2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ತಿದ್ದಿ ಸೇರಿಸಿದ್ದು. ಪಿ ಇದ್ದರೆ ಪ್ರಚಾರದ ಮೆಸೇಜು. ಎಸ್ ಇದ್ದರೆ ಸೇವೆಗೆ ಸಂಬಂಧಪಟ್ಟದ್ದು. ಟಿ ಇದ್ದರೆ ವ್ಯವಹಾರದ್ದು, ನಮ್ಮ ಒಟಿಪಿ ಬರೋದು ಇದರಲ್ಲಿ. ಜಿ ಇದ್ದರೆ ಸರ್ಕಾರದ್ದು.

ಒಂದು ಜಾಹೀರಾತಿನ ಮೆಸೇಜಿಗೆ ಇಷ್ಟೆಲ್ಲ ಗುರುತಿನ ಚೀಟಿ ಯಾಕೆ ಬೇಕಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

2007ರಲ್ಲಿ ಟ್ರಾಯ್ ಮೊದಲ ಸಲ ಒಂದು ಪಟ್ಟಿ ಮಾಡಿಸಿತು. ಜಾಹೀರಾತಿನ ಕರೆ ಬೇಡ ಅನ್ನುವವರು ಅದರಲ್ಲಿ ನಂಬರು ಸೇರಿಸಬಹುದಿತ್ತು. ಸೇರಿಸಿದವರಿಗೂ ಕರೆ ಬರುತ್ತಲೇ ಇತ್ತು, ಅದು ಬೇರೆ ಮಾತು. 2010ರ ಆಗಸ್ಟಿನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ವಿರೋಧ ಪಕ್ಷದ ನಾಯಕರ ಜೊತೆ ಸಭೆಯಲ್ಲಿ ಕೂತಿದ್ದಾಗ ಅವರಿಗೇ ಒಂದು ಕರೆ ಬಂತು. ಏನೋ ತುರ್ತು ಇರಬೇಕು ಅಂತ ಫೋನು ಎತ್ತಿದರೆ, ಮನೆ ಸಾಲ ಬೇಕಾ ಅಂತ ಕೇಳುತ್ತಿದ್ದಾರೆ. ದೇಶದ ಖಜಾನೆ ನೋಡಿಕೊಳ್ಳುವ ಮನುಷ್ಯನಿಗೆ ಸಾಲದ ಆಫರ್! ಆಗ ಪತ್ರಿಕೆಗಳಿಗೆ ಇದು ಒಳ್ಳೆ ಸುದ್ದಿಯಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೂ ಬಿಗಿಯಾದ ನಿಯಮಗಳು ಹೊರಬಂದವು. ಪೂರ್ತಿ ಜಾರಿಯಾಗಿದ್ದು 2011ರ ಸೆಪ್ಟೆಂಬರ್ 27ಕ್ಕೆ. ಟೆಲಿಮಾರ್ಕೆಟಿಂಗ್ ಮಾಡುವವರು ಹೆಸರು ನೋಂದಾಯಿಸಬೇಕು. ಕರೆಗಳಿಗೆ 140ರಿಂದ ಶುರುವಾಗುವ ನಂಬರೇ ಬಳಸಬೇಕು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಒಂಬತ್ತರವರೆಗೆ ಪ್ರಚಾರ ಕೂಡದು. ಇದರ ಜೊತೆಗೆ ಇನ್ನೊಂದು ನಿಯಮವೂ ಬಂತು, ಅದು ಸಾಮಾನ್ಯ ಜನರ ತಲೆ ಮೇಲೆ ಬಿತ್ತು. ಒಂದು ಸಿಮ್ಮಿನಿಂದ ದಿನಕ್ಕೆ ನೂರೇ ಮೆಸೇಜು! ಹಬ್ಬದ ದಿನಗಳಿಗೆ ವಿನಾಯಿತಿ ಇತ್ತು. ಗದ್ದಲವಾದ ಮೇಲೆ ಇನ್ನೂರಕ್ಕೆ ಏರಿಸಿದರು. ಆಗ ಕಾಲೇಜು ಹುಡುಗರು ಹಾಕಿದ ಶಾಪ ಇವತ್ತಿನ ಹುಡುಗರಿಗೆ ಅರ್ಥವೇ ಆಗುವುದಿಲ್ಲ, ಈಗ ಮೆಸೇಜು ಯಾರು ಕಳಿಸ್ತಾರೆ ಹೇಳಿ. 2012ರ ಆಗಸ್ಟಿನಲ್ಲಂತೂ ಕೆಲವು ದಿನ ಐದಕ್ಕೆ ಇಳಿಯಿತು. ಆದರೆ ಅದು ಜಾಹೀರಾತಿನ ವಿಷಯ ಅಲ್ಲ. ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನಿಂದ ರೈಲು ತುಂಬಿ ಊರಿಗೆ ಹೊರಟಿದ್ದ ದಿನಗಳು ಅವು.

ಇಷ್ಟೆಲ್ಲ ಮಾಡಿದರೂ ಸೋರಿದ್ದು ಎಲ್ಲಿಂದ ಗೊತ್ತಾ? ಹತ್ತಂಕಿಯ ಮಾಮೂಲಿ ನಂಬರಿನಿಂದ. ನೋಂದಣಿ ಮಾಡಿಸಿಕೊಂಡವರು ನಿಯಮಕ್ಕೆ ಸಿಕ್ಕಿಬಿದ್ದರು. ಮಾಡಿಸಿಕೊಳ್ಳದವರು ಹೊಸ ಸಿಮ್ ತಗೊಂಡು ಕಳಿಸುತ್ತಾ ಹೋದರು. ಅದಕ್ಕೇ 2018ರ ಜುಲೈನಲ್ಲಿ ಟ್ರಾಯ್ ಹಳೆ ನಿಯಮ ಕೈಬಿಟ್ಟು ಹೊಸದು ತಂದಿತು. ಈ ಸಲ ಲೆಕ್ಕ ಇಡುವ ಕೆಲಸ ಬ್ಲಾಕ್‌ಚೈನ್ ಮಾದರಿಯ ವ್ಯವಸ್ಥೆಗೆ, ಅಂದರೆ ಹಲವರ ಬಳಿ ಒಂದೇ ಪ್ರತಿ ಇದ್ದು ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದ ಲೆಕ್ಕದ ಪುಸ್ತಕಕ್ಕೆ ಹೋಯಿತು. ಈ ಕಸುಬಿನವರು ಅದನ್ನು ಡಿಎಲ್‌ಟಿ ಅನ್ನುತ್ತಾರೆ.

ಅದು ಕೆಲಸ ಮಾಡುವುದು ಹೀಗೆ. ಒಂದು ಬ್ಯಾಂಕು ನಿಮಗೆ ಮೆಸೇಜು ಕಳಿಸಬೇಕು ಅಂತ ಇಟ್ಟುಕೊಳ್ಳಿ. ಮೊದಲು ಬ್ಯಾಂಕು ತನ್ನ ಹೆಸರು ನೋಂದಾಯಿಸಬೇಕು. ಆಮೇಲೆ ಆ ಆರು ಅಕ್ಷರದ ಗುರುತು. ಆಮೇಲೆ ಮೆಸೇಜಿನ ಒಕ್ಕಣೆಯನ್ನೇ ಮುಂಚೆ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಡಿತವಾಗಿದೆ ಅನ್ನುವ ವಾಕ್ಯ ಹಾಗೇ ಇರುತ್ತದೆ, ಇಷ್ಟು ಅನ್ನುವ ಕಡೆ ಮಾತ್ರ ಖಾಲಿ ಜಾಗ. ಕಳಿಸುವ ಹೊತ್ತಿಗೆ ಮೊಬೈಲ್ ಕಂಪನಿಯ ಕಂಪ್ಯೂಟರು ಮೆಸೇಜನ್ನೂ ಒಪ್ಪಿಗೆ ಪಡೆದ ಒಕ್ಕಣೆಯನ್ನೂ ತಾಳೆ ನೋಡುತ್ತದೆ. ಒಂದು ಪದ ಹೆಚ್ಚುಕಮ್ಮಿ ಆದರೂ ಮೆಸೇಜು ಅಲ್ಲೇ ನಿಲ್ಲುತ್ತದೆ.

ಕಾಗದದ ಮೇಲೆ ಚೆನ್ನಾಗಿತ್ತು. 2021ರ ಮಾರ್ಚ್ 8, ಸೋಮವಾರ. ಈ ತಾಳೆ ನೋಡುವ ಕೆಲಸವನ್ನು ನಿಜವಾಗಿ ಶುರು ಮಾಡಿದರು. ಎಷ್ಟೋ ಸಂಸ್ಥೆಗಳು ಒಕ್ಕಣೆ ನೋಂದಾಯಿಸಿರಲೇ ಇಲ್ಲ, ಕೆಲವರದು ಸರಿಯಾಗಿ ಹೊಂದಲಿಲ್ಲ. ದೇಶದ ತುಂಬ ಒಟಿಪಿ ನಿಂತುಹೋಯಿತು. ದುಡ್ಡು ಕಳಿಸುವವರಿಗೆ ಒಟಿಪಿ ಇಲ್ಲ, ಆಧಾರ್ ಕೆಲಸಕ್ಕೆ ಒಟಿಪಿ ಇಲ್ಲ. ಆಗಷ್ಟೇ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಗಿತ್ತು, ಅದರ ನೋಂದಣಿಗೂ ಒಟಿಪಿ ಬರಲಿಲ್ಲ. ಮಾರನೇ ದಿನವೇ ಟ್ರಾಯ್ ಒಂದು ವಾರದ ಮಟ್ಟಿಗೆ ಅದನ್ನು ತಡೆಹಿಡಿಯಿತು. ಸಾಲದ ಜಾಹೀರಾತು ನಿಲ್ಲಿಸಲು ಹೋಗಿ ಬ್ಯಾಂಕೇ ನಿಂತಂತಾಯಿತು. ನನಗೆ ಕೇಳಿದರೆ ತಪ್ಪು ನಿಯಮದ್ದಲ್ಲ. ಎರಡೂವರೆ ವರ್ಷ ಟೈಮ್ ಇತ್ತು. ನೋಡೋಣ, ಮಾಡೋಣ ಅಂತ ಕೂತವರದು.

ಆಮೇಲೆ ಒಂದೊಂದಾಗಿ ತೂತು ಮುಚ್ಚುವ ಕೆಲಸ ನಡೆದಿದೆ. 2024ರ ಮೊದಲ ಆರು ತಿಂಗಳಲ್ಲಿ ನೋಂದಣಿಯಾಗದ ಟೆಲಿಮಾರ್ಕೆಟಿಂಗ್‌ನವರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು ಬಂದಿದ್ದವು. ಆಗಸ್ಟಿನಲ್ಲಿ ಟ್ರಾಯ್, ಇಂಥವರ ಸಂಪರ್ಕ ಕಿತ್ತುಹಾಕಿ ಅಂತ ಕಂಪನಿಗಳಿಗೆ ಆದೇಶ ಕೊಟ್ಟಿತು. ಕೆಲವೇ ವಾರದಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕ ಕಡಿತವಾಯಿತು. ಅಕ್ಟೋಬರಿನಿಂದ ಮೆಸೇಜಿನ ಒಳಗಿನ ಲಿಂಕೂ ಮುಂಚೆ ನೋಂದಣಿಯಾಗಿರಬೇಕು ಅಂತಾಯಿತು. ಡಿಸೆಂಬರಿನಿಂದ, ಮೆಸೇಜು ಯಾರ್ಯಾರ ಕೈ ದಾಟಿ ಬಂತು ಅನ್ನುವ ಸರಪಳಿ ಪೂರ್ತಿ ಗೊತ್ತಿರಬೇಕು.

ಸರಿ, ಇದೆಲ್ಲ ಕಳಿಸುವವರ ಕಡೆಯ ಕಥೆ. ನಮ್ಮ ನಂಬರು ಅವರಿಗೆ ಸಿಗುವುದು ಹೇಗೆ?

ಬಟ್ಟೆ ಅಂಗಡಿಯ ಬಿಲ್ ಕೌಂಟರ್ ನೆನಪು ಮಾಡಿಕೊಳ್ಳಿ. ಮೊನ್ನೆ ನನ್ನ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ಮೊಮ್ಮಗಳಿಗೆ ಒಂದು ಫ್ರಾಕು ತಗೊಂಡಿದ್ದರು. ಕೌಂಟರಿನ ಹುಡುಗಿ ಪರದೆಯಿಂದ ಕಣ್ಣು ಎತ್ತದೆ, ನಂಬರ್ ಹೇಳಿ ಅಂಕಲ್ ಅಂದಳು. ಯಾತಕ್ಕಮ್ಮಾ ಅಂದರು. ನಂಬರ್ ಹಾಕದೆ ಬಿಲ್ ಮುಂದೆ ಹೋಗಲ್ಲ ಅಂಕಲ್ ಅಂದಳು. ಅವರು ಇಡೀ ಸಾಲಿಗೆ ಕೇಳುವ ಹಾಗೆ, ಎರಡೆರಡು ಅಂಕಿ ಬಿಡಿಸಿ ಬಿಡಿಸಿ ಹೇಳಿದರು. ಬರೆದುಕೊಳ್ಳುವ ಮನಸ್ಸಿದ್ದರೆ ಅಲ್ಲಿದ್ದ ಯಾರು ಬೇಕಾದರೂ ಬರೆದುಕೊಳ್ಳಬಹುದಿತ್ತು. ಹುಡುಗಿಯದೇನೂ ತಪ್ಪಿಲ್ಲ ಪಾಪ, ಸಾಫ್ಟ್‌ವೇರು ಹಾಗೆ ಮಾಡಿಟ್ಟಿದ್ದಾರೆ. ಆದರೆ ನಂಬರ್ ಕೊಡಲೇಬೇಕು ಅಂತ ಗಿರಾಕಿಯನ್ನು ಒತ್ತಾಯಿಸಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ. ಮುಂದಿನ ಸಲ ಕೇಳಿದರೆ, ಕೊಡಲ್ಲಮ್ಮ, ಹಾಗೇ ಬಿಲ್ ಮಾಡು ಅನ್ನಿ. ಬಹಳ ಕಡೆ ಆಗುತ್ತದೆ.

ಕೊಟ್ಟ ಒಪ್ಪಿಗೆಗೂ ಈಗ ಅವಧಿ ಬಂದಿದೆ. 2025ರ ತಿದ್ದುಪಡಿಯ ಪ್ರಕಾರ, ನಡೆಯುತ್ತಿರುವ ಒಂದು ವ್ಯವಹಾರಕ್ಕೆ ಅಂತ ಕೊಟ್ಟ ಒಪ್ಪಿಗೆ ಏಳು ದಿನಕ್ಕಷ್ಟೇ. ಪ್ರಚಾರದ ಮೆಸೇಜಿನಲ್ಲಿ, ಇನ್ನು ಸಾಕು ಅಂತ ಹೇಳುವ ದಾರಿಯನ್ನೂ ಕೊಟ್ಟಿರಬೇಕು. ಒಮ್ಮೆ ಸಾಕು ಅಂದರೆ 90 ದಿನ ಮತ್ತೆ ಒಪ್ಪಿಗೆ ಕೇಳುವ ಹಾಗಿಲ್ಲ.

ಇಮೇಲ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಕಥೆಯೇ ಬೇರೆ. ಜಾಹೀರಾತಿನ ಇಮೇಲಿಗೆ ಅಂತಲೇ ಭಾರತದಲ್ಲಿ ಒಂದು ಕಾನೂನು ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ, ಕಿರಿಕಿರಿ ಮಾಡುವ ಇಮೇಲ್ ಕಳಿಸಿದರೆ ಶಿಕ್ಷೆ ಅನ್ನುವ ಮಾತಿತ್ತು. ಆ ಕಲಮನ್ನು ಜಾಹೀರಾತಿನವರ ಮೇಲೆ ಬಳಸಿದ್ದಕ್ಕಿಂತ ಫೇಸ್‌ಬುಕ್ಕಿನಲ್ಲಿ ಏನೋ ಬರೆದವರನ್ನು ಹಿಡಿಯಲು ಬಳಸಿದ್ದೇ ಸುದ್ದಿಯಾಯಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ಪೂರ್ತಿ ರದ್ದು ಮಾಡಿತು. ಸರಿಯಾಗೇ ಮಾಡಿತು. ಆದರೆ ಇಮೇಲಿನ ಜಾಗ ಖಾಲಿ ಉಳಿಯಿತು.

ಅಮೆರಿಕದಲ್ಲಿ ಕ್ಯಾನ್-ಸ್ಪ್ಯಾಮ್ ಅನ್ನುವ ಕಾನೂನು 2004ರ ಜನವರಿಯಿಂದ ಇದೆ. ಅದರಲ್ಲಿ ಕೇಳದೆ ಇಮೇಲ್ ಕಳಿಸಬಹುದು. ಆದರೆ ಸುಳ್ಳು ವಿಳಾಸದಿಂದ ಕಳಿಸಬಾರದು. ಬೇಡ ಅಂದ ಮೇಲೆ ಹತ್ತು ಕೆಲಸದ ದಿನದೊಳಗೆ ನಿಲ್ಲಿಸಬೇಕು. ಕಂಪನಿಯ ಅಂಚೆ ವಿಳಾಸವನ್ನೂ ಹಾಕಬೇಕು. ಎಷ್ಟೋ ಇಮೇಲುಗಳ ತಳದಲ್ಲಿ ಸಣ್ಣ ಅಕ್ಷರದಲ್ಲಿ ಯಾವುದೋ ಅಮೆರಿಕದ ಬೀದಿಯ ಹೆಸರು ಇರುತ್ತದಲ್ಲ, ಅದು ಇದಕ್ಕೇ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಗಿರಾಕಿಗಳಿಗೆ ಇಮೇಲ್ ಕಳಿಸುವ ಕಂಪನಿಯವರಿಗೆ ಈ ನಿಯಮ ಬಾಯಿಪಾಠ. ಯುರೋಪಿನಲ್ಲಿ ಮೊದಲೇ ಒಪ್ಪಿಗೆ ಬೇಕು, ಹಳೆ ಗಿರಾಕಿಗಳ ವಿಷಯದಲ್ಲಿ ಸ್ವಲ್ಪ ಸಡಿಲ. ಕೆನಡಾದ್ದು 2014ರ ಜುಲೈನಲ್ಲಿ ಬಂದ ಕಾನೂನು, ಭಾರಿ ಬಿಗಿ. ಕಂಪನಿಗಳಿಗೆ ಒಂದು ಕೋಟಿ ಕೆನಡಾ ಡಾಲರಿನವರೆಗೆ ದಂಡ ಹಾಕಬಹುದು.

ನಮ್ಮಲ್ಲಿ ಆ ಕೆಲಸ ಮಾಡುತ್ತಿರುವುದು ಗೂಗಲ್. ದಿನಕ್ಕೆ ಐದು ಸಾವಿರಕ್ಕಿಂತ ಜಾಸ್ತಿ ಇಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು ಒಂದೇ ಒತ್ತಿಗೆ ನಿಲ್ಲಿಸುವ ಗುಂಡಿ ಕೊಡಬೇಕು ಅಂತ ಅದು 2024ರಲ್ಲಿ ನಿಯಮ ಮಾಡಿತು. ಸಂಸತ್ತು ಮಾಡಬೇಕಾದ ಕೆಲಸವನ್ನು ಕ್ಯಾಲಿಫೋರ್ನಿಯಾದ ಒಂದು ಕಂಪನಿ ಮಾಡಿಕೊಡುವುದು ನನಗೆ ಅಷ್ಟು ಹಿತವಾಗಿ ಕಾಣುವುದಿಲ್ಲ. ಕಂಪನಿ ಇವತ್ತು ಕೊಟ್ಟದ್ದನ್ನು ನಾಳೆ ತೆಗೆಯಬಹುದು.

ವಾಟ್ಸಾಪಿನ ಪಾಡೂ ಇದೇ. ಟ್ರಾಯ್ ನಿಯಮ ಅಲ್ಲಿಗೆ ಹೋಗುವುದಿಲ್ಲ. ಎಸ್ಸೆಮ್ಮೆಸ್ ಬಿಗಿಯಾದ ಹಾಗೆ ಜಾಹೀರಾತು ಆ ಕಡೆ ಹರಿದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ ಎಲ್ಲಕ್ಕೂ ತಾಗುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ತಗೊಳ್ಳಲು ಆಗಬೇಕು ಅಂತ ಅದರಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಕಂಪನಿಗಳು ತಯಾರಾಗಲು ಅಲ್ಲಿಂದ 18 ತಿಂಗಳು ಗಡುವು.

ಅಂದರೆ ಸದ್ಯಕ್ಕೆ ನಮ್ಮ ಕೈಯಲ್ಲಿ ಗಟ್ಟಿಯಾಗಿ ಇರುವುದು ಮೆಸೇಜು ಮತ್ತು ಕರೆಯ ನಿಯಮ. ಅದು ಓಡುವುದು ದೂರಿನ ಮೇಲೆ. ನಾವು ಸುಮ್ನೆ ಅಳಿಸಿಹಾಕಿದರೆ ಕಳಿಸಿದವರ ಲೆಕ್ಕದಲ್ಲಿ ಏನೂ ದಾಖಲಾಗುವುದಿಲ್ಲ.

ಪ್ರಚಾರವೇ ಬೇಡ ಅನ್ನುವವರು ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಕಳಿಸಿ. ಮೆಸೇಜು ಕಳಿಸಲು ಬರದಿದ್ದರೆ 1909ಕ್ಕೆ ಫೋನು ಮಾಡಿದರೂ ನಡೆಯುತ್ತದೆ. ದೂರು ಕೊಡಲೂ ಅದೇ ನಂಬರು. ಪ್ರಚಾರ ಬೇಡ ಅನ್ನುವವರ ಪಟ್ಟಿಗೆ ಡಿಎನ್‌ಡಿ ಅನ್ನುತ್ತಾರೆ, ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇದ್ದರೆ ಇನ್ನೂ ಸಲೀಸು. ಮೆಸೇಜು ಬಂದ ಏಳು ದಿನದೊಳಗೆ ದೂರು ಕೊಡಬೇಕು. ಮುಂಚೆ ಮೂರೇ ದಿನ ಇತ್ತು. ಹತ್ತಂಕಿಯ ನಂಬರಿನಿಂದ ಬಂದ ಪ್ರಚಾರಕ್ಕಾದರೆ, ನೀವು ಡಿಎನ್‌ಡಿ ಪಟ್ಟಿಯಲ್ಲಿ ಇಲ್ಲದಿದ್ದರೂ ದೂರು ಕೊಡಬಹುದು. ಇದು ತುಂಬ ಜನಕ್ಕೆ ಗೊತ್ತಿಲ್ಲ. ಬರೀ ಪ್ರಚಾರ ಅಲ್ಲ, ಮೋಸದ ವಾಸನೆ ಇದೆ ಅನ್ನಿಸಿದರೆ ಸಂಚಾರ್ ಸಾಥಿ ಜಾಲತಾಣದಲ್ಲಿ ಚಕ್ಷು ಅನ್ನುವ ವಿಭಾಗ ಇದೆ. ದುಡ್ಡೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

ಒಂದೇ ನಂಬರಿನ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು, ಕಂಪನಿ ಕ್ರಮ ಶುರು ಮಾಡಬೇಕು. ಮೊದಲ ಸಲಕ್ಕೆ ಹದಿನೈದು ದಿನ ಹೊರಹೋಗುವ ಕರೆ, ಮೆಸೇಜು ಬಂದ್. ಮತ್ತೆ ಮಾಡಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಸಂಪರ್ಕ ಕಡಿತ. ಇದರಲ್ಲಿ ಸಣ್ಣವರು ಸಿಕ್ಕಿಬೀಳುವುದು ಜಾಸ್ತಿ ಅನ್ನುವುದು ನಿಜ. ಊರಲ್ಲಿ ಟ್ಯೂಷನ್ ನಡೆಸುವವರು, ಹೊಸದಾಗಿ ಮೆಸ್ ಹಾಕಿದವರು ಸ್ವಂತ ಸಿಮ್ಮಿನಿಂದಲೇ ಊರಿಗೆಲ್ಲ ಮೆಸೇಜು ಕಳಿಸುತ್ತಾರೆ. ಅವರಿಗೆ ಡಿಎಲ್‌ಟಿ ಅನ್ನುವ ಹೆಸರೂ ಗೊತ್ತಿರುವುದಿಲ್ಲ. ನಿಮಗೆ ಅಂಥವರು ಪರಿಚಯ ಇದ್ದರೆ ಈ ಹದಿನೈದು ದಿನದ ವಿಷಯ ಮೊದಲು ಅವರ ಕಿವಿಗೆ ಹಾಕಿ. ಗೊತ್ತಿದ್ದೂ ದಿನಕ್ಕೊಂದು ನಂಬರಿನಿಂದ ಸಾಲ ಕೊಡ್ತೀವಿ ಅನ್ನುವವರ ಮೇಲೆ ದೂರು ಹಾಕಿ, ಉತ್ತರವಾಗಿ ಬರುವ ದೂರಿನ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಳ್ಳಿ. ನೋಂದಣಿಯಿಲ್ಲದೆ ಕಳಿಸಿದವರ ಮೇಲೆ ಐದು ದಿನದೊಳಗೆ ಕ್ರಮ ಆಗಬೇಕು. ಆಗದಿದ್ದರೆ ಆ ಸಂಖ್ಯೆ ಹೇಳಿಯೇ ಮೊಬೈಲ್ ಕಂಪನಿಯನ್ನು ಕೇಳಬೇಕಾಗುತ್ತದೆ.

ನಮಸ್ಕಾರ.