ಮಳೆಗಾಲದ ನೀರು ಮತ್ತು ಪಟಿಕದ ಹರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ನಮ್ಮ ಮನೆ ಹಿಂದಿನ ತೋಡಿನಲ್ಲಿ ಬೇಸಿಗೆಯಲ್ಲಿ ಕಾಲಿಟ್ಟರೆ ಬೆರಳು ಎಣಿಸಬಹುದು, ಅಷ್ಟು ತಿಳಿ ನೀರು. ಈಗ ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಕೊಡದಲ್ಲಿ ಹಿಡಿದಿಟ್ಟರೆ ಬೆಳಗಾದರೂ ಕೆಸರು ಇಳಿಯುವುದಿಲ್ಲ. ಕೊಡಗಿನಲ್ಲಿ ಮಳೆಗಾಲಕ್ಕೆ ನೀರಿನ ಬರ ಇಲ್ಲ, ಆದರೆ ಕುಡಿಯುವ ನೀರಿನ ಪರದಾಟ ಆಗಲೇ ಜಾಸ್ತಿ. ಹಳ್ಳಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇಂಥ ದಿನಗಳಲ್ಲಿ ನಮ್ಮ ಅಡುಗೆಮನೆ ಗೂಡಿನಿಂದ ಒಂದು ಹರಳು ಕೆಳಗಿಳಿಯುತ್ತದೆ. ನೋಡಲು ಕಲ್ಲುಸಕ್ಕರೆಯ ಹಾಗೆ. ನಾಲಿಗೆಗೆ ತಾಗಿಸಿದರೆ ಮೊದಲು ಒಂಚೂರು ಸಿಹಿ, ಆಮೇಲೆ ಒಗರೋ ಒಗರು. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಹಿಡಿದುಕೊಳ್ಳುತ್ತದೆ. ಅದೇ ಪಟಿಕ. ಕೆಲವರು ಸ್ಫಟಿಕ ಅನ್ನುತ್ತಾರೆ. ಅಂಗಡಿಯಲ್ಲಿ ಆಲಂ ಅಂದರೂ ಕೊಡುತ್ತಾರೆ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ನಾನು ಒಂದು ಗಟ್ಟಿ ತಂದಿಟ್ಟರೆ ಇಡೀ ವರ್ಷಕ್ಕೆ ಸಾಕು.

ಪಟಿಕ ಅಂದರೆ ಒಂದು ಉಪ್ಪಲ್ಲ, ಜೋಡಿ ಉಪ್ಪು. ಪೊಟ್ಯಾಸಿಯಂ ಸಲ್ಫೇಟ್ ಮತ್ತು ಅಲ್ಯುಮಿನಿಯಂ ಸಲ್ಫೇಟ್ ಒಂದೇ ಹರಳಿನಲ್ಲಿ ಕೂಡಿ ಕೂತಿರುತ್ತವೆ. ಜೊತೆಗೆ ನೀರೂ ಇದೆ. ಕೈಗೆ ಒಣಗಿದ ಕಲ್ಲು ಅನ್ನಿಸಿದರೂ 100 ಗ್ರಾಂ ಪಟಿಕದಲ್ಲಿ 45 ಗ್ರಾಂಗಿಂತ ಜಾಸ್ತಿ ನೀರೇ ಇರುತ್ತದೆ. ಹರಳಿನೊಳಗೆ ಕಟ್ಟಿಹಾಕಿದ ನೀರು ಅದು.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಜ್ಜಿಯ ಒಲೆ ಮುಂದೆ ನೋಡಿದ್ದೆ. ಮಗುವಿಗೆ ದೃಷ್ಟಿಯಾಗಿದೆ ಅನ್ನಿಸಿದರೆ ಅಜ್ಜಿ ಪಟಿಕದ ತುಂಡನ್ನು ಮೂರು ಸಲ ನಿವಾಳಿಸಿ ಕೆಂಡದ ಮೇಲೆ ಇಡುತ್ತಿದ್ದರು. ಮೊದಲು ಅದು ಬೆವರುತ್ತದೆ. ಆಮೇಲೆ ಕರಗಿ ಸಿರಪ್ಪಿನಂತೆ ಆಗುತ್ತದೆ. ಗುಳು ಗುಳು ಕುದಿಯುತ್ತದೆ. ನೋಡ್ತಾ ನೋಡ್ತಾ ಉಬ್ಬಿ ಬಿಳಿ ಅರಳಿನ ಹಾಗೆ ಮೇಲೆ ಬರುತ್ತದೆ. ಆ ಉಬ್ಬಿನಲ್ಲಿ ಅಜ್ಜಿಗೆ ಒಂದು ಮುಖ ಕಾಣುತ್ತಿತ್ತು. ಯಾರ ಕಣ್ಣು ಬಿತ್ತು ಅಂತ ಹೇಳುತ್ತಿದ್ದರು. ಒಳಗೆ ನಡೆಯುತ್ತಿದ್ದದ್ದು ಇಷ್ಟು: ಸುಮಾರು 92 ಡಿಗ್ರಿಗೆ ಪಟಿಕ ತನ್ನ ನೀರಿನಲ್ಲೇ ತಾನು ಕರಗುತ್ತದೆ. ಶಾಖ ಇನ್ನೂ ಏರಿದರೆ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಉಳಿದದ್ದು ನೊರೆಯ ಹಾಗೆ ಉಬ್ಬಿ ಗಟ್ಟಿಯಾಗುತ್ತದೆ. ಆಯುರ್ವೇದದಲ್ಲಿ ಬಳಸುವ ಸುಟ್ಟ ಪಟಿಕ ಇದೇ. ಅಜ್ಜಿಯ ಆ ಪ್ರೀತಿಯನ್ನು ನಾನು ಮರೆತಿಲ್ಲ, ಕೆಂಡದ ಮೇಲಿನ ಆ ಹೂವನ್ನೂ ಮರೆತಿಲ್ಲ.

ಇನ್ನು ನೀರಿನ ವಿಷಯ. ಕೆಸರು ಯಾಕೆ ತಾನಾಗಿ ಇಳಿಯುವುದಿಲ್ಲ? ಮರಳಾದರೆ ಭಾರ, ತಟ್ಟನೆ ತಳ ಸೇರುತ್ತದೆ. ಜೇಡಿ ಮಣ್ಣಿನ ಕಣ ಹಾಗಲ್ಲ, ಬಹಳ ಸಣ್ಣದು. ಪ್ರತಿ ಕಣದ ಮೈಮೇಲೂ ಋಣ ವಿದ್ಯುತ್ತು ಇರುತ್ತದೆ. ಒಂದೇ ಬಗೆಯ ವಿದ್ಯುತ್ತಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಹತ್ತಿರ ಸೇರುವುದೇ ಇಲ್ಲ. ಪಟಿಕದಿಂದ ಬರುವ ಅಲ್ಯುಮಿನಿಯಂ ಮೂರು ಪಟ್ಟು ಧನ ವಿದ್ಯುತ್ತು ಹೊತ್ತಿರುತ್ತದೆ. ಅದು ಹೋಗಿ ಆ ಜಗಳ ಬಿಡಿಸುತ್ತದೆ. ಅಷ್ಟೇ ಅಲ್ಲ, ನೀರಿನೊಂದಿಗೆ ಸೇರಿ ಲೋಳೆಯಂಥ ಹತ್ತಿಯಾಗುತ್ತದೆ. ಆ ಹತ್ತಿ ಕೆಳಗಿಳಿಯುವಾಗ ದಾರಿಯಲ್ಲಿ ಸಿಕ್ಕ ಮಣ್ಣನ್ನೆಲ್ಲ ಅಂಟಿಸಿಕೊಂಡು ಹೋಗುತ್ತದೆ. ಗಾಜಿನ ಲೋಟದಲ್ಲಿ ಮಾಡಿ ನೋಡಿ. ಒಡೆದ ಹಾಲಿನಂತೆ ಚೂರು ಚೂರಾಗಿ ಕೂಡುವುದು ಕಣ್ಣಿಗೇ ಕಾಣುತ್ತದೆ.

ಎಷ್ಟು ಹಾಕಬೇಕು? ಇಲ್ಲೇ ಜನ ತಪ್ಪುವುದು. ಜಾಸ್ತಿ ಹಾಕಿದರೆ ಜಾಸ್ತಿ ತಿಳಿಯಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನೀರು ಒಗರಾಗುತ್ತದೆ, ಹುಳಿಯ ಕಡೆಗೆ ತಿರುಗುತ್ತದೆ. 20 ಲೀಟರ್ ನೀರಿಗೆ ಸುಮಾರು 1 ಗ್ರಾಂ, ಅಂದರೆ ದೊಡ್ಡ ಕಡಲೆಕಾಳಿನಷ್ಟು, ಇಲ್ಲಿಂದ ಶುರು ಮಾಡಿ. ಸ್ವಲ್ಪ ನೀರಿನಲ್ಲಿ ಕರಗಿಸಿ ಕೊಡಕ್ಕೆ ಹುಯ್ಯಿರಿ. ಒಂದು ನಿಮಿಷ ಜೋರಾಗಿ ತಿರುಗಿಸಿ. ಆಮೇಲೆ ಐದು ನಿಮಿಷ ನಿಧಾನವಾಗಿ, ಮಗುವಿಗೆ ಗಂಜಿ ಕಲಸುವ ಹಾಗೆ. ಆಗ ಚೂರುಗಳು ಕೂಡಿ ದೊಡ್ಡದಾಗುತ್ತವೆ. ಮುಚ್ಚಿಟ್ಟು ಕೆಲವು ಗಂಟೆ ಬಿಟ್ಟುಬಿಡಿ. ಕೊಡ ಅಲುಗಿಸದೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳಿ. ನಮ್ಮ ಬೆಟ್ಟದ ತೊರೆ ನೀರು ಮೆದು. ಎಷ್ಟೋ ಸಲ ಪಟಿಕ ಹಾಕಿದರೂ ಹತ್ತಿ ಸರಿಯಾಗಿ ಕಟ್ಟುವುದಿಲ್ಲ. ಅಂಥ ಹೊತ್ತಿಗೆ ಹಿರಿಯರು ಒಂದು ಚಿಟಿಕೆ ಸುಣ್ಣದ ತಿಳಿ ಸೇರಿಸುತ್ತಿದ್ದರು. ಅದು ಸರಿಯಾದ ಕ್ರಮವೇ. ಹತ್ತಿ ಕಟ್ಟಲು ಬೇಕಾದ ಕ್ಷಾರ ಸುಣ್ಣದಿಂದ ಬರುತ್ತದೆ.

ಈಗ ನಾನು ಈ ಮಾತಿಗೆ ಕೂತದ್ದೇ ಯಾವುದಕ್ಕಾಗಿಯೋ ಅದನ್ನು ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಮನೆಗೆ ನಂಟರು ಬಂದು ಉಳಿದಿದ್ದರು. ಹನ್ನೊಂದು ಜನ. ರಸ್ತೆ ಇಲ್ಲ, ಗ್ಯಾಸ್ ಮುಗಿದಿದೆ, ಸೌದೆ ಎಲ್ಲ ಒದ್ದೆ. ತೋಡಿನ ನೀರು ಇಟ್ಟಿಗೆ ಕೆಂಪು. ಪಟಿಕ ಹಾಕಿದೆ. ಸಂಜೆಗೆ ನೀರು ಕನ್ನಡಿಯಂತಾಯಿತು. ಅಷ್ಟು ಚೆಂದದ ನೀರನ್ನು ಕಾಯಿಸುವುದೇಕೆ ಅನ್ನಿಸಿತು. ಇದ್ದ ಒಣ ಸೌದೆ ಅನ್ನಕ್ಕೇ ಸಾಲದು. ಹಾಗೇ ಕುಡಿದೆವು. ಮೂರನೇ ದಿನ ತಂಗಿಯ ಮಗನಿಗೆ ಭೇದಿ ಶುರುವಾಯಿತು. ರಾತ್ರಿಯೆಲ್ಲ ಸಕ್ಕರೆ ಉಪ್ಪಿನ ನೀರನ್ನು ಚಮಚದಲ್ಲಿ ಕುಡಿಸುತ್ತಾ ಕೂತಿದ್ದೆ. ಆ ಮಗುವಿನ ಒಣಗಿದ ತುಟಿ ಈಗಲೂ ಕಣ್ಣ ಮುಂದಿದೆ. ಹುಷಾರಾದ. ಆದರೆ ತಪ್ಪು ನನ್ನದೇ.

ಪಟಿಕ ಕೆಸರನ್ನು ಕೂರಿಸುತ್ತದೆ. ಕೆಸರಿನ ಜೊತೆ ರೋಗಾಣುಗಳಲ್ಲಿ ಒಂದಿಷ್ಟು ತಳಕ್ಕೆ ಹೋಗುವುದು ನಿಜ, ಎಲ್ಲವೂ ಹೋಗುವುದಿಲ್ಲ. ತಿಳಿ ನೀರು ಬೇರೆ, ಶುದ್ಧ ನೀರು ಬೇರೆ. ಆದ್ದರಿಂದ ಪಟಿಕ ಹಾಕಿದ ಮೇಲೆ ಕುದಿಸಲೇಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅದರಿಂದ ತೊಂದರೆ ಇಲ್ಲ. ಕೊತಕೊತ ಅಂತ ಒಂದು ನಿಮಿಷ ಕುದಿದರೆ ಸಾಕು. ಪೇಟೆಗಳ ನೀರಿನ ಘಟಕಗಳಲ್ಲೂ ಕೆಲಸ ಎರಡೇ: ಮೊದಲು ಅಲ್ಯುಮಿನಿಯಂ ಸಲ್ಫೇಟ್ ಹಾಕಿ, ಸೋಸಿ ಕೆಸರು ತೆಗೆಯುತ್ತಾರೆ, ಕೊನೆಗೆ ರೋಗಾಣು ಕೊಲ್ಲಲು ಕ್ಲೋರಿನ್ ಹಾಕುತ್ತಾರೆ. ಕೆಸರಿರುವ ನೀರಿಗೆ ಸುಮ್ನೆ ಕ್ಲೋರಿನ್ ಸುರಿದರೆ ಅದು ಕೆಸರಿನಲ್ಲೇ ಖರ್ಚಾಗಿಬಿಡುತ್ತದೆ. ಅದಕ್ಕೇ ಈ ಕ್ರಮ.

ಉಳಿದ ಉಪಯೋಗಗಳನ್ನು ಬೇಗ ಹೇಳಿಬಿಡುತ್ತೇನೆ. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಕಲ್ಲು ನಿಮಗೆ ಗೊತ್ತೇ ಇದೆ. ಅದು ಚರ್ಮವನ್ನು ಬಿಗಿ ಮಾಡಿ, ಗಾಯದ ಬಾಯಲ್ಲಿರುವ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ರಕ್ತ ನಿಲ್ಲುವುದು ಹಾಗೆ. ಸಣ್ಣ ಗೀರಿಗೆ ಮಾತ್ರ ಇದು, ಕತ್ತಿ ತಾಗಿದ ಗಾಯಕ್ಕಲ್ಲ. ತೋಟದಲ್ಲಿ ಜಿಗಣೆ ಕಚ್ಚಿದಾಗ ರಕ್ತ ನಿಲ್ಲದಿರುವುದು ಅದರ ಎಂಜಲಿನಿಂದ. ಅಲ್ಲಿ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯುವುದೇ ಮುಖ್ಯ. ಬಟ್ಟೆಗೆ ಗಿಡದ ಬಣ್ಣ ಹಾಕುವವರು ಮೊದಲು ಪಟಿಕದ ನೀರಿನಲ್ಲಿ ಅದ್ದುತ್ತಾರೆ. ನೂಲನ್ನೂ ಬಣ್ಣವನ್ನೂ ಕೂಡಿಸುವ ಕೊಂಡಿ ಅದು. ಲಸಿಕೆಗೂ ಇದು ಬಂತು ಅಂದರೆ ನಂಬುತ್ತೀರಾ? 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿ ಎಂಬ ವಿಜ್ಞಾನಿ, ಡಿಫ್ತೀರಿಯಾ ಲಸಿಕೆಗೆ ಪಟಿಕ ಸೇರಿಸಿದರೆ ದೇಹ ಹೆಚ್ಚು ಬಲವಾಗಿ ಸ್ಪಂದಿಸುತ್ತದೆ ಎಂದು ತೋರಿಸಿದರು. ಈಗಲೂ ಮಕ್ಕಳ ಎಷ್ಟೋ ಲಸಿಕೆಗಳಲ್ಲಿ ಅಲ್ಯುಮಿನಿಯಂ ಲವಣ ತೀರಾ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ.

ಕೊನೆಗೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ. ನಮ್ಮ ಅಂಗಳದಲ್ಲಿ ಒಂದೇ ತಾಯಿಗಿಡದಿಂದ ಕಡ್ಡಿ ತೆಗೆದು ನೆಟ್ಟ ಎರಡು ಹೈಡ್ರಾಂಜಿಯ ಗಿಡ ಇವೆ. ಬೇಲಿ ಪಕ್ಕದ್ದು ನೀಲಿ ಹೂ ಬಿಡುತ್ತದೆ. ಸುಣ್ಣ ಬಳಿದ ಗೋಡೆ ಪಕ್ಕದ್ದು ಗುಲಾಬಿ. ಕೊಡಗಿನ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡುತ್ತದೆ, ಮಣ್ಣು ಹುಳಿಯಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಇದಕ್ಕೇ ತಾನೇ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಗೋಡೆಯ ಸುಣ್ಣ ಇಳಿದ ಕಡೆ ಅದು ಸಿಗುವುದಿಲ್ಲ. ಹೋದ ವರ್ಷ ಗೋಡೆ ಪಕ್ಕದ ಗಿಡದ ಬುಡಕ್ಕೆ ಆಗಾಗ ತೆಳುವಾದ ಪಟಿಕದ ನೀರು ಹಾಕುತ್ತಾ ಬಂದೆ. ಈ ಸಲ ಅರಳಿದ ಗೊಂಚಲಿನಲ್ಲಿ ಅಂಚು ಇನ್ನೂ ಗುಲಾಬಿ, ನಡುವೆ ತಿಳಿ ನೇರಳೆ. ನಿಮ್ಮ ಅಂಗಳದಲ್ಲೂ ಈ ಗಿಡ ಇದ್ದರೆ ಮಳೆ ಸ್ವಲ್ಪ ಬಿಟ್ಟಾಗ ಹೊರಗೆ ಹೋಗಿ ಬಣ್ಣ ನೋಡಿ ಬನ್ನಿ.

ನಮಸ್ಕಾರ.