ನಮ್ಮ ಸ್ಕ್ವಾಡಿನ ನಾಲ್ಕು ಜನ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮನೆ ಬಿಟ್ಟು ಇಲ್ಲಿಗೆ ಬಂದಿದ್ದೀರಿ, ಅದೂ ಗೇಮ್ ಆಡುವ ನಮ್ಮಂಥ ಗೇ ಜನರ ಮಾತು ಕೇಳೋದಕ್ಕೆ. ಎರಡನೇ ಸಾಲಿನಲ್ಲಿ ಒಬ್ಬ ಅಮ್ಮ ಮಗನ ಜೊತೆ ಕೂತಿದ್ದಾರೆ. ಅವರನ್ನು ನೋಡಿ ನನಗೆ ನಿಜಕ್ಕೂ ಧೈರ್ಯ ಬಂತು.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗ ಮೆಸೇಜ್ ಮಾಡಿದ. ಇಂಜಿನಿಯರಿಂಗ್ ಓದುತ್ತಾನೆ, ಯಲಹಂಕದ ಕಡೆ ಪಿಜಿಯಲ್ಲಿ ಇದ್ದಾನೆ. ಅವನು ಕೇಳಿದ್ದು ಇಷ್ಟೇ: "ಅಣ್ಣ, ನೀವು ಮೈಕ್ ಆನ್ ಮಾಡ್ಕೊಂಡು ಆಡ್ತೀರಾ? ನಿಮ್ಮ ದನಿ ಕೇಳಿ ಯಾರೂ ಏನೂ ಅನ್ನಲ್ವಾ?"

ಅವನು ಎರಡು ವರ್ಷದಿಂದ ಮೈಕ್ ಆಫ್ ಮಾಡಿಯೇ ಆಡುತ್ತಿದ್ದ. ಅವನ ಫೋನಿನ ಮೈಕ್ ಕೆಟ್ಟಿದೆ ಅಂತ ಟೀಮಿನವರು ನಂಬಿದ್ದರು. ಹಿಂದಿನಿಂದ ಶತ್ರು ಬರುವುದು ಇವನಿಗೆ ಕಾಣುತ್ತದೆ, ಆದರೆ ಹೇಳುವ ಹಾಗಿಲ್ಲ. ಟೈಪ್ ಮಾಡುವಷ್ಟರಲ್ಲಿ ಗೆಳೆಯ ಸತ್ತಿರುತ್ತಾನೆ. ಆಮೇಲೆ ಇವನೇ ಬೈಸಿಕೊಳ್ಳುತ್ತಾನೆ. ಇವತ್ತು ಮಾತಾಡೋದಕ್ಕೆ ಒಂದು ಹಾಳೆ ತುಂಬ ಟಿಪ್ಪಣಿ ಮಾಡಿಕೊಂಡಿದ್ದೇನೆ. ಆದರೆ ಇಲ್ಲಿ ನಿಂತಾಗ ಆ ಪ್ರಶ್ನೆಯೇ ಕಣ್ಮುಂದೆ ಬರುತ್ತಿದೆ. ಅದರಿಂದಲೇ ಶುರು ಮಾಡುತ್ತೇನೆ.

ನಾವೆಲ್ಲ ಬೆಳೆದದ್ದು ಒಂದೇ ಮಾತು ಕೇಳಿಕೊಂಡು, ಅಲ್ವಾ? "ನಾಲ್ಕು ಜನ ಏನಂತಾರೆ?" ಕೂದಲು ಬಿಟ್ಟರೆ ನಾಲ್ಕು ಜನ, ಮದುವೆ ಬೇಡ ಅಂದರೆ ನಾಲ್ಕು ಜನ. ಆ ನಾಲ್ಕು ಜನ ಯಾರು ಅಂತ ಯಾರೂ ತೋರಿಸಲಿಲ್ಲ. ಪಬ್‌ಜಿ, ಅಂದರೆ ಈಗ ಇಲ್ಲಿ ಬಿಜಿಎಂಐ ಅಂತ ಬರುವ ಫೋನ್ ಆಟ ಆಡುವವರಿಗೆ ಗೊತ್ತು, ಅಲ್ಲಿ ಒಂದು ಸ್ಕ್ವಾಡ್ ಅಂದರೆ ನಾಲ್ಕು ಜನ. ನನಗೆ ಆ ನಾಲ್ಕು ಜನ ಸಿಕ್ಕಿದ್ದು ಅಲ್ಲಿ. ಅವರು ಏನಂದರು ಅನ್ನೋದನ್ನೇ ಇವತ್ತು ಹೇಳಬೇಕು.

ಅದಕ್ಕೂ ಮುಂಚಿನ ಕಥೆ ಒಂದಿದೆ. 2004ರಲ್ಲಿ ನನಗೆ ಹದಿನಾರು. ರಾಜಾಜಿನಗರದಲ್ಲಿ ನಮ್ಮ ಮನೆ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಮೆಟ್ಟಿಲು ಹತ್ತಿ ಹೋದರೆ ಸಣ್ಣ ರೂಮು, ಎದುರುಬದುರು ಕಂಪ್ಯೂಟರ್‌ಗಳು, ಕಾಲಿಟ್ಟಲ್ಲೆಲ್ಲ ವೈರು. ಟ್ಯೂಷನ್ ಮುಗಿಸಿ ನೇರ ಅಲ್ಲಿಗೆ ಓಡುತ್ತಿದ್ದೆವು. ಕೌಂಟರ್ ಸ್ಟ್ರೈಕ್ 1.6, ಡಸ್ಟ್ ಟೂ ಮ್ಯಾಪು. ಇಲ್ಲಿ ಕೆಲವರು ನಗುತ್ತಿದ್ದೀರಿ, ನೀವೂ ನನ್ನ ವಯಸ್ಸಿನವರೇ.

ಟ್ಯಾಬ್ ಕೀ ಒತ್ತಿದರೆ ಸ್ಕೋರ್ ಬೋರ್ಡ್ ಬರುತ್ತದೆ. ಯಾರು ಎಷ್ಟು ಜನರನ್ನು ಹೊಡೆದರು ಅಂತ ಎಲ್ಲರಿಗೂ ಕಾಣುತ್ತದೆ. ಯಾರದಾದರೂ ಲೆಕ್ಕ ಒಂಬತ್ತಕ್ಕೆ ಬಂದು ನಿಂತರೆ ಸಾಕು, ಇಡೀ ರೂಮು "ಒಂಬತ್ತು, ಒಂಬತ್ತು" ಅಂತ ಕೂಗುತ್ತಿತ್ತು. ಈ ಊರಲ್ಲಿ ಆ ಸಂಖ್ಯೆಯಿಂದ ಯಾರನ್ನು ಕರೆಯುತ್ತಾರೆ ಅಂತ ನಾನು ವಿವರಿಸಬೇಕಿಲ್ಲ. ಉಳಿದ ಹುಡುಗರು ಒಂದು ಬೈಗುಳ ವಾಪಸ್ ಕೊಟ್ಟು ನಕ್ಕು ಆಟ ಮುಂದುವರಿಸುತ್ತಿದ್ದರು. ನನ್ನ ಕೈ ಮಾತ್ರ ಮೌಸ್ ಮೇಲೆ ತಣ್ಣಗಾಗುತ್ತಿತ್ತು. ಇವರಿಗೆ ಗೊತ್ತಾಯ್ತಾ? ನನ್ನ ಮುಖ ನೋಡಿ ಕೂಗಿದರಾ?

ಅದಕ್ಕೆ ನಾನು ಒಂದು ಲೆಕ್ಕ ಕಲಿತೆ. ಎಂಟಕ್ಕೆ ಬಂದ ಮೇಲೆ ಒಬ್ಬನನ್ನು ಹೊಡೆದು ಸಾಯುವ ಹಾಗಿಲ್ಲ. ಇಬ್ಬರನ್ನು ಹೊಡೆದು ಹತ್ತಕ್ಕೆ ದಾಟಬೇಕು, ಇಲ್ಲ ಅಂದರೆ ಒಬ್ಬನನ್ನೂ ಹೊಡೆಯಬಾರದು. ಎದುರಿಗೆ ಒಬ್ಬನೇ ಉಳಿದಿದ್ದರೆ ಬೇಕಂತಲೇ ಗುರಿ ತಪ್ಪಿಸುತ್ತಿದ್ದೆ. ಎಂಟರಲ್ಲೇ ಸತ್ತು ಕೂರುತ್ತಿದ್ದೆ. ನನ್ನ ಗೆಳೆಯರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಹದಿನಾರು ವರ್ಷದ ಹುಡುಗ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಹೋಗೋದು ಖುಷಿಗೆ. ಅಲ್ಲೂ ಅವನು ಎಂಟು, ಹತ್ತು ಅಂತ ಎಣಿಸಿಕೊಂಡು ಕೂತಿದ್ದ ಅಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, 2020ಕ್ಕೆ ಬರೋಣ. ಲಾಕ್‌ಡೌನ್. ನಾನು ಮನೆಯಿಂದಲೇ ಕೆಲಸ, ಪಬ್‌ಜಿ ಎಲ್ಲರ ಫೋನಲ್ಲೂ ಇತ್ತು. ಅಷ್ಟು ಹೊತ್ತಿಗೆ 2018ರ ಸೆಪ್ಟೆಂಬರ್ 6ರ ತೀರ್ಪು ಬಂದು ಹತ್ತಿರ ಎರಡು ವರ್ಷ ಆಗಿತ್ತು. ನಮ್ಮ ಸಂಬಂಧವನ್ನು ಅಪರಾಧ ಅಂತಿದ್ದ 377ನೇ ಸೆಕ್ಷನ್ ನಮ್ಮ ತಲೆ ಮೇಲಿಂದ ಇಳಿದಿತ್ತು. ಆದರೆ ಸುಪ್ರೀಂ ಕೋರ್ಟ್ ತೀರ್ಪು ಗೇಮಿನ ಲಾಬಿಯೊಳಗೆ ತಾನಾಗಿ ನಡೆದು ಬರುವುದಿಲ್ಲ. ಅಲ್ಲಿ ಭಾಷೆ ಹಳೆಯದೇ. ನಾನೂ ಆ ಯಲಹಂಕದ ಹುಡುಗನ ಹಾಗೆಯೇ ಮೈಕ್ ಆಫ್ ಮಾಡಿ ಆಡುತ್ತಿದ್ದೆ.

ಒಂದು ರಾತ್ರಿ ಗೊತ್ತಿಲ್ಲದ ಮೂವರ ಜೊತೆ ಸ್ಕ್ವಾಡ್ ಬಿತ್ತು. ಒಬ್ಬ ಕನ್ನಡದಲ್ಲಿ ಮಾತಾಡಿದ. "ಯಾರಾದ್ರೂ ಕನ್ನಡದೋರು ಅದೀರೇನಪ್ಪಾ?" ದಾವಣಗೆರೆಯವನು. ಆ ದನಿ ಕೇಳಿ ನನಗೆ ಏನನ್ನಿಸಿತೋ, ಮೈಕ್ ಆನ್ ಮಾಡಿ "ನಾನಿದ್ದೀನಿ, ಬೆಂಗಳೂರು" ಅಂದೆ. ಇನ್ನೊಬ್ಬನೂ ಬೆಂಗಳೂರಿನವನೇ. ನಾಲ್ಕನೆಯವರು ಒಂದು ಹುಡುಗಿ, ಮೈಸೂರಿನವಳು. ಅವಳೂ ಅಲ್ಲಿವರೆಗೆ ಮೈಕ್ ಆಫ್ ಮಾಡಿದ್ದಳು ಅಂತ ಆಮೇಲೆ ಗೊತ್ತಾಯ್ತು. ನೋಡಿ, ಮೈಕ್ ಆಫ್ ಮಾಡುವವರು ನಾವಷ್ಟೇ ಅಲ್ಲ. ಹೆಣ್ಣುಮಕ್ಕಳು ಇದನ್ನು ನಮಗಿಂತ ಮೊದಲೇ ಕಲಿತಿದ್ದಾರೆ.

ಆಟದ ಮ್ಯಾಪಿನಲ್ಲಿರುವ ಪೊಚಿಂಕಿ ಊರಿಗೆ ಇಳಿದೆವು. ಅಲ್ಲಿ ಇಳಿಯೋದು ಅಂದರೆ ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಆರಕ್ಕೆ ಇಳಿದ ಹಾಗೆ, ಎಲ್ಲರೂ ಅಲ್ಲೇ. ಎರಡು ನಿಮಿಷ ಆಗಿರಲಿಲ್ಲ, ನನಗೆ ಗುಂಡು ಬಿತ್ತು. ಪೂರ್ತಿ ಸತ್ತಿಲ್ಲ. ನಾಕ್ ಆಗಿ ಗೋಡೆ ಹಿಂದೆ ತೆವಳುತ್ತಿದ್ದೆ. ಆಗ ಗೆಳೆಯರು ಬಂದು ಎತ್ತಬೇಕು. ಎತ್ತೋದಕ್ಕೆ ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡ್ ಎತ್ತುವವನು ಗುಂಡು ಹಾರಿಸುವಂತಿಲ್ಲ, ಓಡುವಂತಿಲ್ಲ, ಮಂಡಿಯೂರಿ ಕೂರಬೇಕು.

"ಯಾರಾದ್ರೂ ಬನ್ನಿ" ಅಂತ ನಾನು ಕೂಗಿದೆ. ಗಾಬರಿಯಲ್ಲಿ ದನಿ ತೆಳ್ಳಗಾಗಿತ್ತು. ಬೆಂಗಳೂರಿನ ಇನ್ನೊಬ್ಬ ನಕ್ಕ. "ಇವನ ದನಿ ಕೇಳ್ರೋ. ಒಂಬತ್ತು ಕಣೋ ಇದು. ಬಿಡ್ರೋ, ಅಲ್ಲೇ ಸಾಯ್ಲಿ."

ಹದಿನಾರು ವರ್ಷ ಆಗಿತ್ತು. ಸೈಬರ್ ಕೆಫೆ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಆ ಪದ ಮಾತ್ರ ಹಾಗೇ ಇತ್ತು. ನಾನು ಫೋನ್ ಕೆಳಗಿಡಬೇಕು ಅಂದುಕೊಂಡೆ.

ಅಷ್ಟರಲ್ಲಿ ಗೋಡೆ ಪಕ್ಕ ಹೊಗೆ ಎದ್ದಿತು. ದಾವಣಗೆರೆಯವನು ಸ್ಮೋಕ್ ಎಸೆದಿದ್ದ. ಹೊಗೆ ಒಳಗಿಂದ ಓಡಿ ಬಂದು ನನ್ನ ಪಕ್ಕ ಕೂತ. ಆ ಹತ್ತು ಸೆಕೆಂಡು ಎಣಿಸುತ್ತಿರುವಾಗಲೇ ಮೈಕಿನಲ್ಲಿ ಹೇಳಿದ: "ನೋಡಪ್ಪಾ, ನಮ್ ಸ್ಕ್ವಾಡ್‌ನಾಗ ಹಂಗೆಲ್ಲ ಮಾತಾಡಂಗಿಲ್ಲ. ಆಡೋದಾದ್ರ ಆಡು, ಇಲ್ಲಂದ್ರ ನಡಿ." ಜಗಳ ಇಲ್ಲ, ಭಾಷಣ ಇಲ್ಲ. ಮೈಸೂರಿನ ಹುಡುಗಿಯೂ ಮೈಕ್ ಆನ್ ಮಾಡಿ "ಹೌದು, ನಂಗೂ ಇಷ್ಟ ಆಗ್ಲಿಲ್ಲ" ಅಂದಳು. ಅವಳ ದನಿ ನಾವು ಕೇಳಿದ್ದು ಅದೇ ಮೊದಲು. ಆ ಇನ್ನೊಬ್ಬ ಆಟ ಬಿಟ್ಟು ಹೋದ. ನಾವು ಮೂವರೇ ಆಡಿ ಏಳನೇ ಸ್ಥಾನಕ್ಕೆ ಬಂದೆವು.

ಮೂರು ವಾರ ದಿನಾ ಒಟ್ಟಿಗೆ ಆಡಿದ ಮೇಲೆ ನಾನು ಅವರಿಗೆ ಹೇಳಿದೆ, ನಾನು ಗೇ ಅಂತ. ಹೇಳುವಾಗ ಬಾಯಿ ಒಣಗಿತ್ತು. ದಾವಣಗೆರೆಯವನು ಒಂದು ಕ್ಷಣ ಸುಮ್ಮನಿದ್ದು, "ಆತಣ್ಣ, ಹೇಳಿದ್ದು ಚಲೋ ಆತು. ಈಗ ಎಂಟು ಎಕ್ಸ್ ಸ್ಕೋಪ್ ಯಾರ ಹತ್ರ ಐತಿ ಹೇಳು" ಅಂದ. ಅಷ್ಟೇ. ನಾಲ್ಕು ಜನ ಏನಂತಾರೆ ಅಂತ ಮೂವತ್ತೆರಡು ವರ್ಷ ಹೆದರಿದ್ದೆ. ಅವರು ಅಂದದ್ದು ಇದು.

ನಾನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ ಅಂತ ಗೆಳೆಯರು ಹೇಳುತ್ತಾರೆ. ಇವತ್ತೂ ಹೇಳುತ್ತೇನೆ. ನಾಲ್ಕು ಜನರಲ್ಲಿ ಒಬ್ಬ ಬಾಯಿ ಬಿಟ್ಟರೆ ಸಾಕು. ಬೈಸಿಕೊಂಡವನೇ ಎದ್ದು ಜಗಳ ಆಡಬೇಕಿಲ್ಲ. ಪಕ್ಕದಲ್ಲಿದ್ದವನು ಒಂದು ಮಾತು ಹೇಳಬೇಕು.

ಕಂಪನಿಗಳು ನೋಡಿಕೊಳ್ಳಲ್ವಾ ಅಂತ ಕೇಳಬಹುದು. ಒಂದೆರಡು ಹಳೆಯ ಘಟನೆ ಹೇಳುತ್ತೇನೆ. 2006ರ ಜನವರಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಸಾರಾ ಆಂಡ್ರ್ಯೂಸ್ ಎಂಬ ಆಟಗಾರ್ತಿ ತಮ್ಮ ಗಿಲ್ಡಿಗೆ, ಅಂದರೆ ಒಟ್ಟಿಗೆ ಆಡುವವರ ಗುಂಪಿಗೆ, ಜನ ಸೇರಿಸುತ್ತಿದ್ದರು. ನಮ್ಮದು ಗೇ, ಲೆಸ್ಬಿಯನ್ ಆಟಗಾರರಿಗೆ ಸ್ನೇಹದ ಗಿಲ್ಡ್ ಅಂತ ಚಾಟಿನಲ್ಲಿ ಬರೆದರು. ಆಟ ನಡೆಸುವ ಬ್ಲಿಜರ್ಡ್ ಕಂಪನಿ ಎಚ್ಚರಿಕೆ ಕೊಟ್ಟಿದ್ದು ಅವರಿಗೇ! ನೀವು ಹೀಗೆ ಹೇಳಿಕೊಂಡರೆ ಬೇರೆಯವರು ಕೆಟ್ಟದಾಗಿ ಮಾತಾಡುತ್ತಾರೆ ಅನ್ನೋದು ವಾದ. ನಮ್ಮ ಮನೆಗಳಲ್ಲಿ "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ಸುಮ್ನಿರು" ಅಂತಾರಲ್ಲ, ಅದೇ ಧಾಟಿ. ಜನ ವಿರೋಧಿಸಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಅದೇ ಆಟದ ಪ್ರೌಡ್‌ಮೂರ್ ಎಂಬ ಸರ್ವರ್‌ನಲ್ಲಿ ಆಟಗಾರರು ವರ್ಷಕ್ಕೊಮ್ಮೆ ಪ್ರೈಡ್, ಅಂದರೆ ನಮ್ಮಂಥವರ ಹೆಮ್ಮೆಯ ಮೆರವಣಿಗೆ ಮಾಡುತ್ತಾರೆ. ಕುಬ್ಜರು, ಮಂತ್ರವಾದಿಗಳು, ಕತ್ತಿ ಹಿಡಿದವರು, ಎಲ್ಲ ಸಾಲಾಗಿ ನಡೆಯುತ್ತಾರೆ. ನನಗೆ ಅದನ್ನು ನೋಡಿದಾಗೆಲ್ಲ ಊರ ಜಾತ್ರೆಯ ವೇಷಗಳೇ ನೆನಪಾಗುತ್ತವೆ.

ಇನ್ನೊಂದು 2010ರದ್ದು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಫೋರ್ಟ್ ಗೇ ಅಂತ ಒಂದು ಊರಿದೆ. ಅಲ್ಲಿನ ಒಬ್ಬ ಯುವಕ ಎಕ್ಸ್‌ಬಾಕ್ಸ್‌ನಲ್ಲಿ ತನ್ನ ಊರಿನ ಹೆಸರು ಬರೆದುಕೊಂಡಿದ್ದ. ಅದು ಕೆಟ್ಟ ಮಾತು ಅಂತ ಅವನ ಖಾತೆ ನಿಲ್ಲಿಸಿಬಿಟ್ಟರು. ಆ ಊರು ನಿಜವಾಗಿಯೂ ಇದೆ ಅಂತ ಅಲ್ಲಿನ ಮೇಯರ್ ಹೇಳಬೇಕಾಯ್ತು. ಕೊನೆಗೆ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಂಡಿತು.

ಇದನ್ನು ಯಾಕೆ ಹೇಳಿದೆ ಅಂದರೆ, 'ಗೇ' ಅನ್ನೋದು ನಮ್ಮ ಹೆಸರು. ಅದನ್ನು ನಾವು ಬರೆದರೂ ತಪ್ಪು ಅಂತ ಹಿಡಿದರು. 'ಒಂಬತ್ತು' ಬೈಗುಳ. ಅದು ಯಾವ ಫಿಲ್ಟರಿಗೂ ಸಿಗಲ್ಲ. ಸಿಗೋದು ಹೇಗೆ? ಅದೊಂದು ಅಂಕಿ. ಅದನ್ನು ತಡೆಯೋಕೆ ಹೋದರೆ "ಒಂಬತ್ತು ಗಂಟೆಗೆ ಬಾ" ಅನ್ನೋದೂ ನಿಂತುಹೋಗುತ್ತದೆ. ಯಾರು, ಯಾವಾಗ, ಯಾರಿಗೆ ಅಂದರು ಅನ್ನೋದು ಕನ್ನಡ ಗೊತ್ತಿರುವ ಮನುಷ್ಯನಿಗೆ ಮಾತ್ರ ಅರ್ಥವಾಗುತ್ತದೆ. ಅದಕ್ಕೇ ಹೇಳೋದು, ನಾಲ್ಕು ಜನರಲ್ಲಿ ಒಬ್ಬ ಬಾಯಿ ಬಿಡಬೇಕು ಅಂತ.

ಈಗಿನ ಆಟಗಳಲ್ಲಿ ನಮ್ಮಂಥ ಪಾತ್ರಗಳೂ ಬಂದಿವೆ. ಓವರ್‌ವಾಚ್‌ನ ಟ್ರೇಸರ್ ಲೆಸ್ಬಿಯನ್ ಅಂತ 2016ರಲ್ಲೇ ಹೇಳಿದರು. ವ್ಯಾಲರಂಟ್‌ನಲ್ಲಿ ರೇಜ್ ಮತ್ತು ಕಿಲ್‌ಜಾಯ್ ಎಂಬ ಇಬ್ಬರು ಹೆಣ್ಣುಮಕ್ಕಳು ಜೋಡಿ. ನನಗೆ ಅದರಿಂದ ಖುಷಿ ಆಗಿದೆ. ಆದರೆ ರೇಜ್ ಆಗಿ ಆಡುತ್ತಲೇ ಪಕ್ಕದವನಿಗೆ ಆ ಪದ ಬಳಸುವವರನ್ನೂ ನೋಡಿದ್ದೇನೆ.

2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ನಿಷೇಧ ಆಯ್ತು. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ನಿಂತಿತು. ಮಕ್ಕಳ ಕಾಟ ತಪ್ಪಿತು ಅಂತ ಎಷ್ಟೋ ಮನೆಯವರಿಗೆ ಸಮಾಧಾನವಾಯ್ತು. ನನ್ನ ಫ್ರೆಂಡ್ ಲಿಸ್ಟಿನಲ್ಲಿ ಆಗ ನಮ್ಮಂಥವರು ಹನ್ನೊಂದು ಜನ ಇದ್ದರು. ಎಲ್ಲರೂ ಬರೀ ಆಟದ ಹೆಸರಿನಲ್ಲಿ. ಫೋನ್ ನಂಬರ್ ಕೇಳುತ್ತಿರಲಿಲ್ಲ, ಕೇಳಬಾರದು ಅನ್ನೋದೇ ನಮ್ಮ ಮರ್ಯಾದೆ. ಆಟ ನಿಂತಾಗ ಆರು ಜನ ಎಲ್ಲಿ ಹೋದರೋ ಗೊತ್ತಿಲ್ಲ. ಅದರಲ್ಲಿ ಒಬ್ಬ ದಿನಾ ಮಲಗೋ ಮುಂಚೆ "ನಾಳೆ ಸಿಗ್ತೀನಿ" ಅಂತ ಟೈಪ್ ಮಾಡುತ್ತಿದ್ದ. ಅವನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸುಮ್ನೆ ಹೇಳುತ್ತಿಲ್ಲ, ಬಿಜಿಎಂಐ ಬಂದ ದಿನ ಮೊದಲು ಹುಡುಕಿದ್ದೇ ಅವನ ಹೆಸರನ್ನು.

ಆಗ ಉಳಿದ ಐದು ಜನ ಸೇರಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನಲ್ಲಿ ಒಂದು ಸರ್ವರ್, ಅಂದರೆ ನಮ್ಮದೇ ಗುಂಪು ಮಾಡಿದೆವು. ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ನಡೆಯುವ ಒಳ್ಳೆಯ ಗುಂಪುಗಳಿವೆ. ಆದರೆ ತುಮಕೂರಿನ ಹುಡುಗ ಅಲ್ಲಿ ಎರಡನೇ ಸಲ ಮೈಕ್ ಆಫ್ ಮಾಡುತ್ತಾನೆ, ಭಾಷೆಗೆ ಹೆದರಿ. ಇದು ನಮಗೇನೂ ಹೊಸ ಐಡಿಯಾ ಅಲ್ಲ. ಇದೇ ಬೆಂಗಳೂರಿನಲ್ಲಿ ನಮ್ಮಂಥವರ ಗುಡ್ ಆ್ಯಸ್ ಯೂ ಗುಂಪು 1994ರಿಂದ ಗುರುವಾರದ ಸಂಜೆ ಸೇರುತ್ತಾ ಬಂದಿದೆ. ಆಗ ಮೊಬೈಲ್ ಇಲ್ಲ, 377 ಇತ್ತು. ಒಬ್ಬರು ಇನ್ನೊಬ್ಬರ ಮುಖ ನೋಡೋಕೆ ಬಸ್ ಹತ್ತಿ ಬರುತ್ತಿದ್ದರು. 2008ರಿಂದ ನಮ್ಮೂರಲ್ಲಿ ಪ್ರೈಡ್ ನಡಿಗೆ ಇದೆ. ಅವರ ದಾರಿಯಲ್ಲೇ ನಾವು ಹೆಡ್‌ಫೋನ್ ಹಾಕಿಕೊಂಡು ನಡೆಯುತ್ತಿದ್ದೇವೆ.

ಯಲಹಂಕದ ಹುಡುಗನೂ ನಮ್ಮ ಸರ್ವರ್‌ಗೆ ಬಂದ. ಮೂರು ವಾರ ಬರೀ ಟೈಪ್ ಮಾಡಿದ. ಯಾರೂ ಒತ್ತಾಯ ಮಾಡಲಿಲ್ಲ. ಹೋದ ಗುರುವಾರ ಆಡುತ್ತಿದ್ದಾಗ ಹೆಡ್‌ಫೋನಿನಲ್ಲಿ ಒಂದು ಹೊಸ ದನಿ ಬಂತು. "ಹಿಂದೆ!" ನಾನು ತಿರುಗಿ ಹೊಡೆದೆ, ಬದುಕಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಥ್ಯಾಂಕ್ಸ್ ಕಣೋ" ಅಂದೆ. ಅವನು "ಹ್ಞೂಂ" ಅಂದ. ಮೈಕ್ ಆಮೇಲೆ ಆಫ್ ಆಗಲಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಹಾಳೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಬೇಗ ಹೇಳುತ್ತೇನೆ.

ಒಳ್ಳೆಯ ಗುಂಪು ಅಂತ ತಿಳಿಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಪ್ರೊಫೈಲಿನ ಕಾಮನಬಿಲ್ಲು ನೋಡಬೇಡಿ. ಸೋತಾಗ ಏನು ಮಾತಾಡುತ್ತಾರೆ, ಅದನ್ನು ಕೇಳಿ. ಗೆದ್ದಾಗ ಎಲ್ಲರೂ ಒಳ್ಳೆಯವರೇ. ಯಾರಾದರೂ ಬೈದರೆ ಮಾಡರೇಟರ್ ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು ಅಂತ ನೋಡಿ. ಸೇರಿಸಿಕೊಳ್ಳೋಕೆ ಫೋಟೋ, ಕಾಲೇಜಿನ ಹೆಸರು, ಆಧಾರ್ ಕೇಳಿದರೆ ತಕ್ಷಣ ಆಚೆ ಬನ್ನಿ. ಮನೆಯವರಿಗೆ ಹೇಳುತ್ತೇನೆ ಅಂತ ಹೆದರಿಸಿ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮಲ್ಲಿ ಗೇ ಅಲ್ಲದವರು ಜಾಸ್ತಿ ಇದ್ದೀರಿ ಅಂದುಕೊಂಡಿದ್ದೇನೆ. ನನಗೆ ನಿಮ್ಮ ಮೇಲೆಯೇ ಹೆಚ್ಚು ನಂಬಿಕೆ. ಆ ಹೊಗೆ ಎಸೆದವನು ನಿಮ್ಮಂಥವನೇ.

ಸಲಿಂಗ ಮದುವೆ ಬಗ್ಗೆ 2023ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆಯೂ ಬರೆದುಕೊಂಡಿದ್ದೆ, ಅದು ಇವತ್ತು ಆಗಲ್ಲ. ಪ್ರಶ್ನೆಗಳಿಗೆ ಸ್ವಲ್ಪ ಸಮಯ ಕೊಟ್ಟಿದ್ದಾರೆ. ಎರಡನೇ ಸಾಲಿನ ಅಮ್ಮ ಕೈ ಎತ್ತಿದ್ದಾರೆ. ಅವರಿಗೆ ಮೈಕ್ ಕೊಡಿ.