ಪಂಪ್ ಹಾಕಿದ್ರೆ ಕೂಗೋ ಇನ್ವರ್ಟರು

ನಮಸ್ಕಾರ, ಬನ್ನಿ ಬನ್ನಿ. ಚಪ್ಪಲಿ ಹಾಕ್ಕೊಂಡೇ ಬನ್ನಿ, ಇಲ್ಲಿ ನೆಲದ ಮೇಲೆ ಆ್ಯಸಿಡ್ ಬಿದ್ದಿರಬಹುದು. ಇದು ನಮ್ಮನೆ ಹಿಂದಿನ ಕೋಣೆ. ಮೊದಲು ಇಲ್ಲಿ ಅಡಿಕೆ ಮೂಟೆ ಇಡ್ತಿದ್ರು. ಈಗ ಗೋಡೆ ಮೇಲೆ ಇನ್ವರ್ಟರು, ಕೆಳಗೆ ನಾಲ್ಕು ಬ್ಯಾಟರಿ, ಪಕ್ಕದಲ್ಲಿ ಇನ್ನೂ ಒಂದು ಅಡಿಕೆ ಮೂಟೆ. ಅದು ಇಲ್ಲಿ ಯಾಕಿದೆ ಅಂತ ಅಪ್ಪಯ್ಯನ್ನೇ ಕೇಳ್ಬೇಕು.

ಇಲ್ಲಿ ಅಂದ್ರೆ ತೀರ್ಥಹಳ್ಳಿ ಹತ್ರ, ತೋಟದ ಮನೆ. ನನ್ನ ವಿಡಿಯೋಗೆ ಹೊಸಬರಿಗೋಸ್ಕರ ಬೇಗ ಹೇಳಿಬಿಡ್ತೀನಿ. ಹಂಚಿನ ಮೇಲೆ ಆರು ಪ್ಯಾನೆಲ್, ಒಂದೊಂದು 335 ವ್ಯಾಟ್, ಒಟ್ಟು 2 ಕಿಲೋವ್ಯಾಟ್. ಬ್ಯಾಟರಿ 150 ಆಂಪಿಯರ್ ಅವರ್‌ದು ನಾಲ್ಕು, ಟ್ಯೂಬುಲರ್, ಸಾಲಾಗಿ ಕಟ್ಟಿದ್ರೆ 48 ವೋಲ್ಟ್. ನಾಲ್ಕು ವರ್ಷ ಆಯ್ತು. ಮಾರ್ಚಲ್ಲಿ ದಿನಕ್ಕೆ ಎಂಟು ಯೂನಿಟ್ ಬರುತ್ತೆ, ಜುಲೈಲಿ ಎರಡು ಬಂದ್ರೆ ದೇವರಿಗೆ ಕಾಯಿ. ಆಗುಂಬೆ ಪಕ್ಕ ಇಟ್ಕೊಂಡು ಸೋಲಾರ್ ಹಾಕ್ಸಿದ್ದೀಯಲ್ಲ ಅಂತ ನನ್ನ ಫ್ರೆಂಡ್ಸ್ ಈಗ್ಲೂ ನಗ್ತಾರೆ. ನಗ್ಲಿ. ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದಾಗ ಮೊಬೈಲ್ ಚಾರ್ಜಿಗೆ ಬರೋದು ಅವರೇ.

ಸರಿ, ವಿಷಯಕ್ಕೆ ಬರೋಣ. ಹದಿನೈದು ದಿನದ ಹಿಂದೆ ಸಾಯಂಕಾಲ ಒಂದು ಸಿಡಿಲು ಬಡೀತು. ಹಿಂಗಾರಿನ ಗುಡುಗು ನಿಮಗೆ ಗೊತ್ತಲ್ಲ, ಮಳೆ ನಾಲ್ಕು ಹನಿ, ಗಲಾಟೆ ಊರೆಲ್ಲ. ಇಂಟರ್ನೆಟ್ಟಿನ ರೌಟರ್ ಅಲ್ಲೇ ಸತ್ತೋಯ್ತು. ಹೊಸ ರೌಟರ್ ಬಂತು. ಆವತ್ತಿಂದ ಫೋನಲ್ಲಿ ಸೋಲಾರ್ ಆ್ಯಪ್ ತೆಗೆದ್ರೆ ಬರೀ ಬೂದಿ ಬಣ್ಣ, ಆಫ್‌ಲೈನ್. ಅದೇ ವಾರದಿಂದ್ಲೇ ರಾತ್ರಿ ಕರೆಂಟ್ ಹೋದಾಗ ಇನ್ವರ್ಟರು ಕುಂಯ್ ಕುಂಯ್ ಅಂತ ಕೂಗೋಕೆ ಶುರು. ಎರಡು ನಿಮಿಷ ಕೂಗಿ ಆಫ್. ನಾನು ಎಂತ ತಿಳ್ಕೊಂಡೆ ಅಂದ್ರೆ, ಸಿಡಿಲು ರೌಟರ್ ಜೊತೆಗೆ ಇನ್ವರ್ಟರನ್ನೂ ತಿಂದಿದೆ ಅಂತ. ಎರಡೂ ಒಂದೇ ವಾರ ಶುರುವಾಗಿದ್ದು, ಇನ್ನೇನು ಅಂದ್ಕೋಬೇಕು? ಇದೇ ನನ್ನ ದೊಡ್ಡ ದಡ್ಡತನ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರ್ಲಿಲ್ಲ.

ಅಮ್ಮ ಎರಡನೇ ದಿನಕ್ಕೇ ಹೇಳಿದ್ರು. "ನಾನು ಪಂಪ್ ಹಾಕಿದಾಗ ಮಾತ್ರ ಕೂಗುತ್ತೆ ಕಣೋ, ಸುಮ್ನೆ ಇದ್ದಾಗ ಕೂಗಲ್ಲ." ನಾನು "ಹೂಂ ಅಮ್ಮ" ಅಂದೆ, ಅಷ್ಟೇ. ಕೇಳಿಸ್ಕೊಂಡೆ, ತಲೆಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಪೇಟೆಯಿಂದ ಬ್ಯಾಟರಿಯವರನ್ನ ಕರೆಸ್ದೆ. ಅವರು ಬಂದ್ರು, ಇನ್ವರ್ಟರಿನ ಡಿಸ್‌ಪ್ಲೇ ನೋಡಿದ್ರು, ಪಂಪ್ ಹಾಕಿ ಅಂದ್ರು, ಅದು ಕೂಗ್ತು. "ನಾಲ್ಕೂ ಹೋಗಿದೆ ಸಾರ್." ಕಾಫಿ ಕುಡಿದು ಮುಗಿಸೋದ್ರೊಳಗೆ ಲೆಕ್ಕ ಕೈಗೆ ಬಂತು. ಒಂದಕ್ಕೆ 17,000, ನಾಲ್ಕಕ್ಕೆ 68,000. ಹಳೇದನ್ನ ಕೊಟ್ರೆ ಸ್ವಲ್ಪ ಬಿಡ್ತಾರಂತೆ. ಎಷ್ಟು ಅಂದ್ರೆ, "ನೋಡೋಣ ಸಾರ್."

ಅರವತ್ತೆಂಟು ಸಾವಿರ! ಮಾರಾಯ್ರೇ, ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಆ ದುಡ್ಡಲ್ಲಿ ಎಂತೆಂತ ಮಾಡಬಹುದಿತ್ತು ಅಂತ ಲೆಕ್ಕ ಹಾಕ್ತಾ ಮಲಗಿದ್ದೆ. ತೋಟಕ್ಕೆ ಔಷಧಿ ಹೊಡೆಸೋ ಖರ್ಚು, ನನ್ನ ಲ್ಯಾಪ್‌ಟಾಪು, ಕೊಟ್ಟಿಗೆಗೆ ಶೀಟು. ಬೆಳಿಗ್ಗೆ ಅಪ್ಪಯ್ಯನ ಹತ್ರ ಹೇಳಿದ್ರೆ, "ಲಾಟೀನು ಅಟ್ಟದ ಮೇಲಿದೆ" ಅಂದು ತೋಟಕ್ಕೆ ಹೋದ್ರು. ಒಂದೇ ಮಾತು. ತಿರುಗಿ ಕೂಡ ನೋಡ್ಲಿಲ್ಲ.

ಹಾಗಾಗಿ ವೋಲ್ಟ್ ಅಳೆಯೋ ಮಲ್ಟಿಮೀಟರ್ ತೆಗೆದೆ. ಕ್ಯಾಮೆರಾನೂ ತೆಗೆದೆ, ಅದು ನನ್ನ ಕಾಯಿಲೆ.

ಈಗ ನೀವು ನೋಡ್ತಾ ಇರೋದು ನಿನ್ನೆ ಬೆಳಿಗ್ಗೆದು. ಕರೆಂಟಿನ ಸ್ವಿಚ್ ಇಳಿಸಿ ಮನೆನ ಬ್ಯಾಟರಿ ಮೇಲೆ ಹಾಕಿದ್ದೀನಿ. ಫ್ರಿಜ್ಜು, ಎರಡು ಫ್ಯಾನು, ಹೊರಗೆ ಅಮ್ಮ ಪಂಪ್ ಹಾಕಿದ್ದಾರೆ. ನಾಲ್ಕು ಸಲ ಹಾಕಿದ್ಮೇಲೆ ಒಂದು ಸಲ ಟ್ರಿಪ್ ಆಗದೆ ನಿಂತ್ಕೊಂಡಿತು, ಟ್ರಿಪ್ ಆದ ಭಾಗಗಳನ್ನ ವಿಡಿಯೋದಿಂದ ತೆಗೆದಿದ್ದೀನಿ. ಇನ್ವರ್ಟರ್ ಹೇಳ್ತಾ ಇದೆ, ಬ್ಯಾಟರಿ 46.1 ವೋಲ್ಟ್, 20 ಆಂಪಿಯರ್ ಹೋಗ್ತಿದೆ. ಈಗ ಮೀಟರ್ ಕಡ್ಡಿನ ಸೀದಾ ಬ್ಯಾಟರಿಯ ಸೀಸದ ಗೂಟಕ್ಕೇ ಇಟ್ಟು ನೋಡಿ. ಕ್ಲಾಂಪಿಗಲ್ಲ, ಗೂಟಕ್ಕೆ. 12.3. 12.3. ಮೂರನೇದು 12.1, ಅದರ ಕಥೆ ಬೇರೆ ಇದೆ. ನಾಲ್ಕನೇದು 12.3. ಕೂಡಿ. 49.

ಬ್ಯಾಟರಿ 49 ಕೊಡ್ತಿದೆ, ಇನ್ವರ್ಟರಿಗೆ 46 ಮುಟ್ತಿದೆ. ಮೂರು ವೋಲ್ಟ್ ದಾರೀಲಿ ಎಲ್ಲೋ ಕಳವು.

ಕಳ್ಳ ಸಿಗೋಕೆ ಎರಡು ನಿಮಿಷ ಸಾಕಾಯ್ತು. ಒಂದು ಕಡ್ಡಿ ಗೂಟದ ಮೇಲೆ, ಇನ್ನೊಂದು ಅದೇ ಗೂಟಕ್ಕೆ ಕಟ್ಟಿರೋ ವೈರಿನ ತುದಿ ಮೇಲೆ. ಒಳ್ಳೇ ಜೋಡಣೆ ಆಗಿದ್ರೆ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರ್ಬೇಕು. ಎಲ್ಲ ಕಡೆ ಸೊನ್ನೆ, ಸೊನ್ನೆ... ಎರಡನೇದನ್ನೂ ಮೂರನೇದನ್ನೂ ಸೇರಿಸೋ ವೈರ್ ಹತ್ರ 2.7. ನೋಡಿ ಇಲ್ಲಿ, ಹತ್ರದಿಂದ ತೋರಿಸ್ತೀನಿ. ಫೋಕಸ್ ಆಗ್ತಿಲ್ಲ. ಆಗು ಮಾರಾಯ. ಹಾಂ. ಬೋಲ್ಟಿನ ಸುತ್ತ ಬಿಳಿ-ಹಸಿರು ಹುಡಿ, ಬೂಸ್ಟು ಹಿಡಿದ ಹಾಗೆ. ವೈರಿನ ಕರಿ ರಬ್ಬರು ಒಂದು ಇಂಚು ಕಂದಾಗಿ ಬಿರಿದಿದೆ. ಹುಡಿಯ ಮೇಲೆ ಹೋದ ವರ್ಷದ ಆಯುಧ ಪೂಜೆಯ ಕುಂಕುಮ. ಹಿಂದ್ಗಡೆ ಸಿಕ್ಕಿಹಾಕ್ಕೊಂಡಿರೋದು ಚೆಂಡುಹೂವಿನ ಎಸಳು, ಒಣಗಿ ಚಹಾಪುಡಿ ಹಾಗಾಗಿದೆ. ಅಂದ್ರೆ ಒಂದು ವರ್ಷದಿಂದ ಇಲ್ಲಿ ಯಾರೂ ಕೈ ಹಾಕಿಲ್ಲ. ಯಾರೂ ಅಂದ್ರೆ ನಾನು.

2.7 ವೋಲ್ಟ್, 20 ಆಂಪಿಯರ್, ಗುಣಿಸಿದ್ರೆ 54 ವ್ಯಾಟ್. ನಾವು ಚಿಕ್ಕವರಿದ್ದಾಗ 60ರ ಬಲ್ಬ್ ಇತ್ತಲ್ಲ, ಬಟ್ಟೆ ಹಿಡ್ಕೊಂಡು ಬಿಚ್ಚಬೇಕಿತ್ತು, ಹೆಚ್ಚುಕಮ್ಮಿ ಅಷ್ಟು ಬಿಸಿ ಈ ಒಂದು ಬೋಲ್ಟಿನ ಮೇಲೆ. ಪಂಪಿನ ಮೋಟಾರು ಶುರುವಾಗೋ ಗಳಿಗೆಯಲ್ಲಿ ಕರೆಂಟು ಹಲವು ಪಟ್ಟು ಎಳೆಯುತ್ತೆ, ಆವಾಗ ಇಲ್ಲೇ ಆರೇಳು ವೋಲ್ಟ್ ಹೋಗಿಬಿಡುತ್ತೆ. ಇನ್ವರ್ಟರಿಗೆ ಕಾಣೋದು, ಅಯ್ಯೋ ಬ್ಯಾಟರಿ ಖಾಲಿ. ಕೂಗುತ್ತೆ. ಅಮ್ಮ ಹೇಳಿದ್ದು ಇದನ್ನೇ.

ಇನ್ನೊಂದು ನಾಚಿಕೆಗೇಡು. ಹೋದ ವಿಡಿಯೋದಲ್ಲಿ ನಾನು ಜಂಬ ಕೊಚ್ಚಿದ್ದು ನೆನಪಿದ್ಯಾ? "ನಮ್ಮ ಬ್ಯಾಟರಿ ಬೆಳಿಗ್ಗೆ ಹತ್ತೂವರೆಗೇ 100 ಪರ್ಸೆಂಟ್" ಅಂತ ಆ್ಯಪ್ ತೋರಿಸಿ. ಅದೂ ಇದೇ ಬೋಲ್ಟಿನ ಕೆಲಸ. ಚಾರ್ಜ್ ಆಗೋವಾಗ ಉಲ್ಟಾ, ಇನ್ವರ್ಟರ್ ಕಡೆ ವೋಲ್ಟೇಜ್ ಬೇಗ ಏರುತ್ತೆ. ಅದು 57.6 ಬಂತು, ಹೊಟ್ಟೆ ತುಂಬ್ತು ಅಂದ್ಕೊಳ್ಳುತ್ತೆ. ಬ್ಯಾಟರಿ ಹತ್ರ ಇನ್ನೂ 55ರ ಆಸುಪಾಸು. ಪಾಪ, ಅರೆಹೊಟ್ಟೆ. ಆ್ಯಪಲ್ಲಿ ಬರೋ ಆ ಪರ್ಸೆಂಟ್ ಇದೆಯಲ್ಲ, ನಮ್ಮ ಇನ್ವರ್ಟರಲ್ಲಿ ಅದು ವೋಲ್ಟೇಜ್ ನೋಡಿ ಹಾಕೋ ಅಂದಾಜು ಅಷ್ಟೇ. ನಾನು ದಿನಾ ಹಲ್ಲುಜ್ಜೋಕೆ ಮುಂಚೆ ಅದನ್ನ ನೋಡ್ತಿದ್ದೆ, ಹತ್ತು ಹೆಜ್ಜೆ ನಡೆದು ಬಂದು ಈ ಡಬ್ಬನ ನೋಡ್ಲಿಲ್ಲ.

ಸರಿ, ಬಿಚ್ಚೋದು. ಮೊದಲು ಪ್ಯಾನೆಲ್ ಐಸೊಲೇಟರ್, ಅಂದ್ರೆ ಪ್ಯಾನೆಲ್ಲಿಂದ ಬರೋ ಕರೆಂಟ್ ತಡೆಯೋ ಸ್ವಿಚ್, ಆಫ್, ಆಮೇಲೆ ಬ್ಯಾಟರಿ ಬ್ರೇಕರ್. ಈ ಕ್ರಮ ತಪ್ಪಬೇಡಿ. ಬಿಸಿಲಿರೋವಾಗ ಬ್ಯಾಟರಿ ಕಿತ್ತು ಪ್ಯಾನೆಲ್ ಬಿಟ್ರೆ ಇನ್ವರ್ಟರಿಗೆ ಪೆಟ್ಟು. ಬೆರಳಲ್ಲಿರೋ ಉಂಗುರ ತೆಗೀರಿ. ಸ್ಪ್ಯಾನರಿನ ಹಿಡಿಗೆ ನಾನು ಟೇಪ್ ಸುತ್ತಿದ್ದೀನಿ, ಯಾಕಂದ್ರೆ ಅದು ಜಾರಿ ಎರಡು ಗೂಟದ ಮಧ್ಯೆ ಬಿದ್ರೆ ಆ ವಿಡಿಯೋ ಬೇರೆ ಥರ ವೈರಲ್ ಆಗುತ್ತೆ.

ಬಿಸಿನೀರಿಗೆ ಅಡುಗೆ ಸೋಡಾ. ಬ್ಯಾಟರಿಯ ಮುಚ್ಚಳ ಎಲ್ಲ ಬಿಗಿ ಇದೆಯಾ ನೋಡ್ಕೊಳ್ಳಿ, ಸೋಡಾ ಒಳಗೆ ಹೋದ್ರೆ ಆ್ಯಸಿಡ್ ಕೆಟ್ಟೋಗುತ್ತೆ. ಹಳೇ ಬ್ರಷ್ಷಲ್ಲಿ ಉಜ್ಜಿ. ಈ ನೊರೆ ನೋಡಿ, ಹಾಲು ಉಕ್ಕಿದ ಹಾಗೆ. ಇದನ್ನ ನೋಡ್ತಾ ಕೂರೋದೇ ಒಂದು ಮಜಾ.

ನೊರೆ ಇಳಿಯೋವರೆಗೆ ಒಂದು ಮಾತು. ಸಬ್ಸಿಡಿ ಬಂತಾ ಅಂತ ತುಂಬಾ ಜನ ಕೇಳ್ತೀರಿ. ಇಲ್ಲ. 2024ರ ಫೆಬ್ರವರಿಲಿ ಶುರುವಾದ ಪಿಎಂ ಸೂರ್ಯ ಘರ್, ಕೇಂದ್ರ ಸರ್ಕಾರದ ಮನೆ ಸೋಲಾರ್ ಯೋಜನೆ ಇದೆಯಲ್ಲ, ಅದರಲ್ಲಿ 2 ಕಿಲೋವ್ಯಾಟಿಗೆ 60,000, 3 ಮತ್ತು ಮೇಲಕ್ಕೆ 78,000. ನಾವು ಹಾಕ್ಸಿದ್ದು ಅದಕ್ಕಿಂತ ಮುಂಚೆ. ಅಲ್ಲದೆ ಅದು ಲೈನಿಗೆ ಸೇರಿಸೋ ಸೋಲಾರಿಗೆ. ಬ್ಯಾಟರಿ ಇಲ್ಲದ ಆ ಥರದ್ದಾದ್ರೆ ಕರೆಂಟ್ ಹೋದ ತಕ್ಷಣ ನಿಮ್ಮ ಸೋಲಾರೂ ನಿಲ್ಲುತ್ತೆ, ಎಂಥ ಬಿಸಿಲಿದ್ರೂ. ಕಂಬದ ಮೇಲಿರೋ ಲೈನ್‌ಮನ್‌ಗೆ ನಿಮ್ಮನೆ ಕರೆಂಟು ಹೊಡೀಬಾರದಲ್ಲ, ಅದಕ್ಕೆ. ಬೆಂಗಳೂರಲ್ಲಿ ಇರೋರಿಗೆ ಅದೇ ಬೆಸ್ಟ್, ಬ್ಯಾಟರಿ ತಲೆನೋವೇ ಇಲ್ಲ. ನಮ್ಮ ಕಡೆ ಅದು ಬೇಸಿಗೆಗೆ ಛತ್ರಿ ಕೊಂಡ ಹಾಗೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ನೋಡಿಕೊಂಡು ಬರ್ಬೇಕು ಒಂದ್ಸಲ. ಅಲ್ಲಿ ಬಿಸಿಲು ಸುಮ್ನೆ ಸುರಿಯುತ್ತೆ, ಇಲ್ಲಿ ಅಮ್ಮ ಹಪ್ಪಳ ಒಣಗಿಸೋಕೆ... ಹಾಂ, ನೊರೆ ಇಳೀತು. ಒರೆಸಿ, ಒಣಗಿಸಿ, ಬೋಲ್ಟ್ ಬಿಗಿ, ಮೇಲೆ ಪೆಟ್ರೋಲಿಯಂ ಜೆಲ್ಲಿ. ಬೇರೆ ಏಳು ಗೂಟಕ್ಕೂ ಅದೇ ಸೇವೆ.

ಮೂರನೇ ಬ್ಯಾಟರಿ ಕಥೆ ಹೇಳ್ತೀನಿ ಅಂದಿದ್ದೆ. ಮುಚ್ಚಳದ ಮೇಲೆ ಈ ಕಡ್ಡಿ ಇರುತ್ತಲ್ಲ, ನೀರು ತೋರಿಸೋದು, ಮೂರನೇದರಲ್ಲಿ ಎಲ್ಲ ಕೆಂಪಿಗೆ ಇಳಿದಿತ್ತು. ಕಿಟಕಿ ಪಕ್ಕದ್ದು ಅದು, ಮಧ್ಯಾಹ್ನದ ಬಿಸಿಲು ಅದರ ಮೇಲೇ ಬೀಳುತ್ತೆ. ನಾಲ್ಕಕ್ಕೂ ಸೇರಿ ಡಿಸ್ಟಿಲ್ಡ್ ವಾಟರ್ ನಾಲ್ಕೂವರೆ ಲೀಟರ್ ಕುಡೀತು, ಅದರಲ್ಲಿ ಎರಡು ಲೀಟರ್ ಅದೊಂದಕ್ಕೇ. ನಲ್ಲಿ ನೀರು, ಬಾವಿ ನೀರು ಹಾಕ್ಬೇಡಿ. "ನಮ್ಮ ಬಾವಿ ನೀರು ಕಲ್ಕಂಡು" ಅಂತ ಅಪ್ಪಯ್ಯನೂ ಹೇಳಿದ್ರು. ಮನುಷ್ಯರಿಗೆ ಕಲ್ಕಂಡು, ಬ್ಯಾಟರಿಗಲ್ಲ.

ನೀರು ಹಾಕಿದ ಕೂಡ್ಲೇ ಹೈಡ್ರೋಮೀಟರ್, ಅಂದ್ರೆ ಆ್ಯಸಿಡ್ ಎಷ್ಟು ಗಟ್ಟಿ ಅಂತ ಅಳೆಯೋದು, ಹಾಕಿದ್ರೆ ಸುಳ್ಳು ಹೇಳುತ್ತೆ, ನೀರು ಮೇಲೇ ನಿಂತಿರುತ್ತೆ. ಅದಕ್ಕೆ ಪೂರ್ತಿ ಚಾರ್ಜ್ ಮಾಡಿ ಇವತ್ತು ನೋಡಿದೆ. ಮೂರು ಬ್ಯಾಟರಿ 1.240ರ ಮೇಲಿವೆ. ಮೂರನೇದು 1.190. ಸೋತಿದೆ. ಪೇಟೆಯವರು ನಾಲ್ಕೂ ಹೋಗಿದೆ ಅಂದ್ರು, ನಿನ್ನೆ ಬೋಲ್ಟ್ ಸಿಕ್ಕಿದ ಜೋಶಲ್ಲಿ ನಾನು ಒಂದೂ ಹೋಗಿಲ್ಲ ಅಂತ ಊರಿಗೆಲ್ಲ ಫೋನ್ ಮಾಡಿ ಹೇಳ್ದೆ, ಅವರನ್ನ ಎರಡು ಮಾತು ಬೈದೂ ಬಿಟ್ಟೆ. ಈಗ ನೋಡಿದ್ರೆ ಒಂದು ಹೋಗೋ ಥರ ಇದೆ. ಅವರ ಜಾಗದಲ್ಲಿ ನಾನಿದ್ರೆ? ದಿನಕ್ಕೆ ಐದಾರು ಮನೆ, ಘಾಟಿ ರಸ್ತೆ, ಮಳೆ. ಡಿಸ್‌ಪ್ಲೇ ನೋಡಿ ಹೇಳ್ತಿದ್ನೇನೋ. ಆದ್ರೂ ಕಡ್ಡಿ ಇಟ್ಟು ಒಂದ್ಸಲ ನೋಡ್ಬೇಕಿತ್ತು, ಅದು ಬಿಡಲ್ಲ ನಾನು. ಹಳೇ ಮೂರರ ಜೊತೆ ಹೊಸದೊಂದು ಹಾಕಿದ್ರೆ ಹೊಸದೂ ಹಳೇದರ ಜೊತೆ ಸೊರಗುತ್ತೆ ಅಂತಾರೆ, ಹಾಗಾಗಿ ಸದ್ಯ ಇಕ್ವಲೈಸ್ ಚಾರ್ಜ್, ಅಂದ್ರೆ ಎಲ್ಲವನ್ನೂ ಸಮ ಮಾಡೋಕೆ ಸ್ವಲ್ಪ ಹೆಚ್ಚಿನ ಚಾರ್ಜ್, ಕೊಟ್ಟು ಬೇಸಿಗೆವರೆಗೆ ಎಳೆಯೋ ಯೋಚನೆ. ಕಿಟಕಿಗೆ ಗೋಣಿ ಕಟ್ಟಿದ್ದೀನಿ.

ಇನ್ನು ಆ್ಯಪು. ಇನ್ವರ್ಟರಿನ ಕೆಳಗೆ ಚುಚ್ಚಿರೋ ಈ ಕಡ್ಡಿ, ಇದೇ ವೈಫೈ ಹಿಡಿಯೋದು. ವೈಫೈ ಎರಡು ಥರದ ಅಲೆಯಲ್ಲಿ ಬರುತ್ತೆ, ಇದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ಹೊಸ ರೌಟರು ಎರಡನ್ನೂ ಒಂದೇ ಹೆಸರಲ್ಲಿ ಬಿಡ್ತಿತ್ತು. ಬೇರೆ ಬೇರೆ ಮಾಡ್ದೆ, ಸೇರ್ಲಿಲ್ಲ. ಮುಕ್ಕಾಲು ಗಂಟೆ. ಆಮೇಲೆ ವೈಫೈ ಸೆಕ್ಯುರಿಟಿ ನೋಡಿದ್ರೆ ಡಬ್ಲ್ಯೂಪಿಎ3 ಅಂತ ಹೊಸ ಥರದ್ದು ಇತ್ತು, 2ಕ್ಕೆ ಇಳಿಸ್ದೆ, ಹಸಿರು ದೀಪ ಬಂತು. ಆ್ಯಪಿಗೆ ಮತ್ತೆ ಸೇರಿಸೋಕೆ ಸೀರಿಯಲ್ ನಂಬರ್ ಬೇಕಂತೆ, ಅದನ್ನ ಅಂಟಿಸಿರೋದು ಕಡ್ಡಿಯ ಗೋಡೆ ಕಡೆ ಮುಖಕ್ಕೆ. ಯಾವ ಪುಣ್ಯಾತ್ಮನ ತಲೆ ಇದು? ಫೋನ್ ಒಳಗೆ ತೂರಿಸಿ ಫೋಟೋ ಹೊಡೆದ್ರೆ 8 ಯಾವುದು, ಬಿ ಯಾವುದು ಗೊತ್ತಾಗಲ್ಲ. ಮೂರನೇ ಸಲಕ್ಕೆ ಒಪ್ಕೊಳ್ತು. ಈಗ ಮತ್ತೆ ಬಣ್ಣ ಬಂದಿದೆ ನೋಡಿ. 62 ಪರ್ಸೆಂಟಂತೆ. ಆಯ್ತಪ್ಪ, ನೀನು ಹೇಳು, ನಾನು ಮೀಟರ್ ಹಿಡ್ಕೊಂಡು ಬರ್ತೀನಿ.

ಕೊನೇ ಪರೀಕ್ಷೆ. ಕರೆಂಟ್ ಸ್ವಿಚ್ ಇಳಿಸಿದ್ದೀನಿ. ಅಮ್ಮಾ, ಪಂಪ್ ಹಾಕಿ. ಹಾಕಿದ್ರಾ? 48.9. ಬೋಲ್ಟ್ ಮುಟ್ಟಿದ್ರೆ ತಣ್ಣಗಿದೆ. ಕೂಗ್ಲಿಲ್ಲ. ಕಂದಾಗಿರೋ ಈ ವೈರ್ ಮಾತ್ರ ಬದಲಾಯಿಸ್ಬೇಕು, ದಪ್ಪದ್ದು, ತುದಿ ಒತ್ತಿಸ್ಕೊಂಡು ಬರ್ಬೇಕು, ಅಂಗಡಿ ಮುಚ್ಚೋಕೆ ಮುಂಚೆ ಹೊರಡ್ತೀನಿ. ಅಮ್ಮಾ, ಸಾಕು, ಆಫ್ ಮಾಡಿ, ಟ್ಯಾಂಕ್ ತುಂಬಿ ಅಂಗಳಕ್ಕೆ ಸುರೀತಿದೆ!